ಶ್ರೀರಂಗಪಟ್ಟಣ 1799: ಆರಡಿ ಮೇಜಿನ ಮೇಲೆ ಮುತ್ತಿಗೆ ಕೂರಿಸುವುದು ಹೇಗೆ?

ಪ್ರಶ್ನೆ: ಮಹಡಿಮನೆ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಪುಟ್ಟ ಸೈನಿಕರಿಗೆ ಬಣ್ಣ ಬಳಿಯುತ್ತಿದ್ದೇನೆ. ಇಲ್ಲಿಯವರೆಗೆ ಬಿಡಿ ಬೊಂಬೆಗಳಷ್ಟೇ, ಗಾಜಿನ ಬೀರುವಿನಲ್ಲಿ ಸಾಲಾಗಿ ನಿಲ್ಲಿಸುವುದಷ್ಟೇ. ಈ ಸಲ ಟಿಪ್ಪುವಿನ ಶ್ರೀರಂಗಪಟ್ಟಣಕ್ಕೆ ಇಂಗ್ಲಿಷರು ಹಾಕಿದ ಕೊನೆಯ ಮುತ್ತಿಗೆಯನ್ನು ಮೇಜಿನ ಮೇಲೆ ಕಟ್ಟಿ, ದಾಳ ಉರುಳಿಸಿ ಆಡಬೇಕೆಂದು ಹೊರಟಿದ್ದೇನೆ. 28 ಮಿಲಿಮೀಟರ್ ಎತ್ತರದ ಅರವತ್ತು ಬೊಂಬೆಗಳಿವೆ: ನಲವತ್ತು ಕೆಂಪಂಗಿಯವರು (ಇಂಗ್ಲಿಷರ ಕಡೆ), ಇಪ್ಪತ್ತು ಮೈಸೂರಿನವರು. ಮೇಜು ಆರಡಿಗೆ ನಾಲ್ಕಡಿ.

ಕಳೆದ ಶನಿವಾರ ಮೊದಲ ಅನಾಹುತವೂ ಆಯಿತು. ಎರಡು ವಾರ ಕೂತು ಥರ್ಮಾಕೋಲಿನಲ್ಲಿ ಪಶ್ಚಿಮದ ಗೋಡೆ ಕೊರೆದಿದ್ದೆ. ತಾರಸಿಗೆ ಒಯ್ದು ಸ್ಪ್ರೇ ಡಬ್ಬಿಯಿಂದ ಬೂದು ಬಣ್ಣ ಹೊಡೆದೆ. ನೋಡನೋಡುತ್ತಿದ್ದಂತೆ ಗೋಡೆ ಮಳೆಗೆ ಸಿಕ್ಕ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ ಕರಗಿ ಕುಗ್ಗಿತು. ಬಟ್ಟೆ ಒಣಹಾಕಲು ಬಂದ ಅಮ್ಮ, "ಇಂಗ್ಲಿಷರಿಗೆ ಒಂದು ತಿಂಗಳು ಹಿಡಿಯಿತು, ನಿನಗೆ ಐದು ನಿಮಿಷ ಸಾಕಾಯಿತಲ್ಲ" ಎಂದರು.

ಗೋಡೆಯನ್ನು ಯಾವುದರಲ್ಲಿ ಮಾಡಲಿ? ಕೋಟೆ ಪೂರ್ತಿ ಬೇಕೇ, ಒಂದು ಭಾಗ ಸಾಕೇ? ಟಿಪ್ಪುವಿನ ಸಿಪಾಯಿಗಳ ಅಂಗಿಯ ಬಣ್ಣದ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇನ್ನೊಂದು ಸಂಶಯ: ಸೋಲು ಯಾರದೆಂದು ಎಲ್ಲರಿಗೂ ಗೊತ್ತಿರುವ ಈ ಯುದ್ಧವನ್ನು ಆಟವಾಗಿ ಆಡಿದರೆ ಮೈಸೂರಿನ ಕಡೆ ಕೂತವನಿಗೆ ಆಕಳಿಕೆ ಬರುವುದಿಲ್ಲವೇ?

ಉತ್ತರ 1: ಗಡಿಯಾರದಂಗಡಿ, ಮಂಡ್ಯ

ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸಿ. ನಾನು ಗಡಿಯಾರ ರಿಪೇರಿಯವನು. ಎಲ್ಲರೂ ಮೊಬೈಲಿನಲ್ಲೇ ಗಂಟೆ ನೋಡುವುದರಿಂದ ನನಗೆ ಬಿಡುವು ಹೆಚ್ಚು. ಇದೇ ಮುತ್ತಿಗೆಯನ್ನು ಹದಿನಾಲ್ಕು ತಿಂಗಳು ಕಟ್ಟಿದ್ದೇನೆ. ಎರಡು ಸಲ ಕಿತ್ತು ಹಾಕಿದ್ದೂ ಅದರಲ್ಲೇ ಸೇರಿದೆ.

ಮೊದಲು ಗೋಡೆ. ಸ್ಪ್ರೇ ಡಬ್ಬಿಯೊಳಗಿನ ದ್ರಾವಕ ಥರ್ಮಾಕೋಲನ್ನು ತಿಂದುಹಾಕುತ್ತದೆ. ಫೆವಿಕ್ವಿಕ್ ಕೂಡ ತಿನ್ನುತ್ತದೆ, ಅದನ್ನು ಹತ್ತಿರ ಸುಳಿಯಲು ಬಿಡಬೇಡಿ. ತಾರಸಿಯ ಬಿಸಿ ತಡೆಯಲು ಹಾಸುವ ಗಟ್ಟಿ ಫೋಮ್ ಹಲಗೆ ಸಿಗುತ್ತದೆ, ಕಾಳುಕಾಳಾಗಿ ಉದುರುವುದಿಲ್ಲ. ಕಟ್ಟಡ ಕೆಲಸ ನಡೆಯುವ ಕಡೆ ಕೇಳಿದರೆ ತುಂಡುಗಳನ್ನು ಪುಕ್ಕಟೆಯಾಗಿಯೇ ಕೊಡುತ್ತಾರೆ. ಖಾಲಿಯಾದ ಬಾಲ್ ಪೆನ್ನಿನಿಂದ ಗೀಚಿದರೆ ಕಲ್ಲಿನ ಸಂದು ಮೂಡುತ್ತದೆ. ಊಟದ ಪೊಟ್ಟಣದ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ ಒತ್ತಿದರೆ ಕಲ್ಲಿಗೆ ಒರಟುತನ ಬರುತ್ತದೆ. ಇದಕ್ಕೂ ಸ್ಪ್ರೇ ಆಗದು. ನೀರು ಬೆರೆಸಿದ ಫೆವಿಕಾಲ್ ಎರಡು ಕೈ ಬಳಿದು, ಒಣಗಿದ ಮೇಲೆ ಕುಂಚದಲ್ಲೇ ಬಣ್ಣ ಹಚ್ಚಿ.

ಬಣ್ಣ ಬೂದು, ನಮ್ಮ ಕಡೆಯ ಕಣಶಿಲೆಯ ಬೂದು. ಯೂರೋಪಿನ ಕೋಟೆಗಳ ಚಿತ್ರ ನೋಡಿ ಜೇನುಬಣ್ಣ ಬಳಿಯುವವರನ್ನು ಕಂಡಿದ್ದೇನೆ, ನೋಡಿದರೆ ಮೈಸೂರುಪಾಕಿನ ಕೋಟೆ. ತಳಕ್ಕೆ ಕಪ್ಪು, ಮೇಲೆ ಗಾಢ ಬೂದು, ಕೊನೆಗೆ ಕುಂಚವನ್ನು ಬಟ್ಟೆಗೆ ಒರೆಸಿ ಹೆಚ್ಚುಕಡಿಮೆ ಒಣಗಿದ ಮೇಲೆ ತಿಳಿ ಬೂದನ್ನು ಸವರಿ. ಇಂದಿನ ಗೋಡೆಯ ಫೋಟೋ ಮುಂದಿಟ್ಟುಕೊಂಡು ಸಂದಿನಲ್ಲಿ ಅರಳಿಗಿಡ ನೆಡಬೇಡಿ. 1799ರಲ್ಲಿ ಅದು ಕಾವಲಿದ್ದ ಕೋಟೆ, ಗೋಡೆಯಲ್ಲಿ ಗಿಡ ಹುಟ್ಟಿದ್ದರೆ ಕಿಲ್ಲೇದಾರನ ತಲೆ ಹೋಗುತ್ತಿತ್ತು.

ಎಷ್ಟು ಕಟ್ಟಬೇಕು ಎಂಬುದಕ್ಕೆ ಲೆಕ್ಕ ಹಾಕಿ ನೋಡಿ. ಕೋಟೆ ಇರುವುದು ದ್ವೀಪದ ಪಶ್ಚಿಮ ತುದಿಯಲ್ಲಿ. ಫಿರಂಗಿಗಳು ಗೋಡೆ ಒಡೆದದ್ದು ವಾಯವ್ಯದ ಕೊತ್ತಲದ ಹತ್ತಿರ. ಅಲ್ಲಿಗೆ ಬರಲು ಹೊಳೆ ದಾಟಬೇಕಿತ್ತು: ಸುಮಾರು 280 ಗಜ, ಅಂದರೆ 256 ಮೀಟರ್. ನಿಮ್ಮ ಬೊಂಬೆಗಳು ಹೆಚ್ಚುಕಡಿಮೆ 56ಕ್ಕೆ 1ರ ಅಳತೆಯವು. ಆ ಲೆಕ್ಕದಲ್ಲಿ ಹೊಳೆಯೊಂದೇ ನಾಲ್ಕೂವರೆ ಮೀಟರ್ ಆಗುತ್ತದೆ, ಮೇಜು ಎರಡು ಮೀಟರೂ ಇಲ್ಲ. ನಾನು ಮಾಡಿದ ಮೊದಲ ತಪ್ಪು ಇದೇ. ಪಶ್ಚಿಮದ ಗೋಡೆಯನ್ನು ಅಳತೆಗೆ ಸರಿಯಾಗಿ ಕಟ್ಟಿದೆ. ಅದು ಈಗ ಬೀರುವಿನ ಮೇಲೆ ನುಸಿಗುಳಿಗೆಯ ಜೊತೆ ಮಲಗಿದೆ. ಒಡೆದ ಗೋಡೆ, ಅದರ ಎಡಬಲ ಒಂದೊಂದು ಅಡಿ, ವಾಯವ್ಯದ ಕೊತ್ತಲ, ಹೊಳೆಯ ಕೊನೆಯ ಕಾಲುಭಾಗ, ಇಷ್ಟು ಸಾಕು. ಜಾಮಿಯಾ ಮಸೀದಿಯ ಮಿನಾರು ಚೆಂದ, ನಿಜ. ಆದರೆ ಅದು ಪೂರ್ವದ ಬೆಂಗಳೂರು ಬಾಗಿಲ ಹತ್ತಿರ, ನಿಮ್ಮ ಮೇಜಿನಿಂದಾಚೆ. ಆಸೆ ಬಿಡಿ.

ಉಳಿದ ಶ್ರಮವನ್ನೆಲ್ಲ ಒಂದೇ ಕಡೆ ಸುರಿಯಿರಿ, ಒಳಗಂದಕಕ್ಕೆ. ಒಡೆದ ಗೋಡೆ ಹತ್ತಿ ಮೇಲೆ ನಿಂತವರಿಗೆ ಕಂಡದ್ದು ಊರಲ್ಲ. ಎದುರಿಗೆ ಇನ್ನೊಂದು ಗೋಡೆ, ನಡುವೆ ನೀರು ತುಂಬಿದ ಕಂದಕ. ಅಂಥದ್ದೊಂದು ಅಲ್ಲಿದೆಯೆಂದು ಲಗ್ಗೆ ಹೊತ್ತು ಬಂದವರು ಎಣಿಸಿರಲಿಲ್ಲ. ಅವರು ಮೊದಲೇ ಗೊತ್ತುಮಾಡಿಕೊಂಡಿದ್ದಂತೆ ಹೊರಗೋಡೆಯ ಮೇಲೇ ಎರಡಾಗಿ ಸೀಳಿ ಹೋದರು: ಡನ್‌ಲಪ್‌ನ ಪಡೆ ಎಡಕ್ಕೆ, ಉತ್ತರದ ಗೋಡೆಗುಂಟ, ಶೆರ್‌ಬ್ರೂಕ್‌ನ ಪಡೆ ಬಲಕ್ಕೆ, ದಕ್ಷಿಣದ ಗೋಡೆಗುಂಟ. ಕೆಲವರಿಗೆ ಕೆಲಸದಾಳುಗಳು ಓಡಾಡಲು ಬಿಟ್ಟಿದ್ದ ಕಿರುದಾರಿಯೊಂದು ಸಿಕ್ಕಿ ಒಳಗೋಡೆಗೆ ದಾಟಿದರು. ಉತ್ತರದ ಕಡೆಯಲ್ಲೇ ಟಿಪ್ಪು ಸ್ವತಃ ನಿಂತು ಕಾದಾಡಿದ್ದು, ಒಳಗೋಡೆಯ ಬಾಗಿಲ ಬಳಿ ಬಿದ್ದದ್ದು. ನಿಮ್ಮ ಆಟದ ಜೀವ ಇಲ್ಲಿದೆ. ಒಳಗಂದಕದ ಮೇಲೆ ನೆಲದ ಬಣ್ಣದ ಮುಚ್ಚಳ ಹಾಕಿ. ದಾಳಿಯವನ ಮೊದಲ ಬೊಂಬೆ ಗೋಡೆಯ ತುದಿ ಮುಟ್ಟುವವರೆಗೆ ತೆಗೆಯಬೇಡಿ.

ಇನ್ನು ಅಂಗಿ. ಟಿಪ್ಪುವಿನ ಕಾಯಂ ಪದಾತಿಗೆ ನೇರಳೆ ಅಂಗಿ, ಅದರ ಮೇಲೆ ಬಿಳಿಯ ಬಬ್ರಿ ಗುರುತು, ಕೆಂಪು ರುಮಾಲು, ಕೆಂಪು ನಡುಪಟ್ಟಿ, ಕಾಲಿಗೆ ಚಪ್ಪಲಿ. ಬಬ್ರಿ ಎಂದರೆ ಹುಲಿಪಟ್ಟೆಯ ತುಣುಕು, ನಡು ಉಬ್ಬಿ ಎರಡೂ ತುದಿ ಚೂಪು. "ಹುಲಿ" ಎಂದ ಕೂಡಲೇ ಹಳದಿ ಬಳಿದು ಕಪ್ಪುಗೆರೆ ಎಳೆಯುವವರಿದ್ದಾರೆ. ಅದು ಮಂಗಳೂರಿನ ಹುಲಿವೇಷ, ಮೈಸೂರಿನ ಸೈನ್ಯವಲ್ಲ.

ಬಬ್ರಿಗೆ ಕುಂಚ ಬೇಡ. ನಾನು ಗಡಿಯಾರಕ್ಕೆ ಎಣ್ಣೆ ಬಿಡುವ ಸೂಜಿಯನ್ನು ಬಳಸುತ್ತೇನೆ, ಅದರ ತುದಿ ಸಣ್ಣ ಸಲಿಕೆಯಂತೆ ಚಪ್ಪಟೆ. ಹೊಲಿಗೆ ಸೂಜಿಯ ತುದಿಯನ್ನು ಕಲ್ಲಿಗೆ ಉಜ್ಜಿ ಚಪ್ಪಟೆ ಮಾಡಿಕೊಂಡರೂ ನಡೆಯುತ್ತದೆ. ಬಿಳಿಯನ್ನು ಹಾಲಿನ ಹದಕ್ಕೆ ತೆಳುಮಾಡಿ, ಸೂಜಿ ಅದ್ದಿ, ಅಂಗಿಗೆ ತಾಗಿಸಿ, ಕೂದಲೆಳೆಯಷ್ಟು ಪಕ್ಕಕ್ಕೆ ಜಗ್ಗಿ ಎತ್ತಿಬಿಡಿ. ಹನಿ ತಾನಾಗಿಯೇ ನಡುವೆ ಉಬ್ಬಿ ತುದಿಗೆ ಸಣ್ಣಗಾಗುತ್ತದೆ. ಎದೆಗೆ ಆರೇಳು, ತೋಳಿಗೆ ಮೂರು, ಇಟ್ಟಿಗೆ ಸಾಲಿನ ಹಾಗೆ ಒಂದರ ಸಂದಿಗೆ ಇನ್ನೊಂದು. ಉತ್ಸಾಹಕ್ಕೆ ಇಪ್ಪತ್ತು ಹಾಕಿದರೆ ಎರಡಡಿ ದೂರದಿಂದ ಅಂಗಿಗೆ ಸುಣ್ಣ ಸಿಡಿದಂತೆ ಕಾಣುತ್ತದೆ. ಉಸಿರು ಬಿಟ್ಟು ಮುಗಿದ ಕ್ಷಣದಲ್ಲಿ ಸೂಜಿ ತಾಗಿಸಿ, ಎಳೆದುಕೊಳ್ಳುವಾಗ ಕೈ ಅಲುಗುತ್ತದೆ.

ಕೆಂಪಂಗಿಯವರದು ಸುಲಭ. ಕಾಲರು ಮತ್ತು ಮುಂಗೈಯ ಮಡಿಕೆ ನೋಡಿಕೊಳ್ಳಿ: 12ನೆಯ ರೆಜಿಮೆಂಟಿಗೆ ಹಳದಿ, 73ನೆಯದಕ್ಕೆ ಗಾಢ ಹಸಿರು, ವೆಲ್ಲೆಸ್ಲಿಯ 33ನೆಯದಕ್ಕೆ ಅಂಗಿಯ ಹಾಗೇ ಕೆಂಪು. ಲಗ್ಗೆಯಲ್ಲಿ ಕಂಪನಿಯ ದೇಶೀ ಸಿಪಾಯಿಗಳೂ ದೊಡ್ಡ ಸಂಖ್ಯೆಯಲ್ಲಿದ್ದರು, ನಲವತ್ತಕ್ಕೆ ನಲವತ್ತೂ ಬಿಳಿಯ ಮುಖವಾಗದಿರಲಿ.

ಲಗ್ಗೆ ಹೊರಟದ್ದು ಮೇ 4ರ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ. ಕಾವಲಿನವರು ಬಿಸಿಲಿಗೆ ದಣಿದು ಮೈಮರೆತಿರುವ ವೇಳೆ ಎಂದೇ ಆರಿಸಿದ್ದು. ನಮ್ಮ ಕಡೆ ಆ ತಿಂಗಳಲ್ಲಿ ಆ ಹೊತ್ತಿಗೆ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ. ಆದ್ದರಿಂದ ಟೊಪ್ಪಿಯ ಅಂಚಿನಡಿ ಮುಖವನ್ನು ಗಾಢ ಮಾಡಿ, ಹೆಗಲ ಮೇಲೆ ಮಾತ್ರ ಬೆಳಕು ಕೊಡಿ, ನೆರಳನ್ನು ಕಾಲಬುಡದಲ್ಲೇ ನಿಲ್ಲಿಸಿ.

ಉತ್ತರ 2: ಉಣ್ಣೆಟೊಪ್ಪಿ, ಇಂಗ್ಲೆಂಡ್

ಇಲ್ಲಿ ನಮ್ಮ ಊರಿನ ಆಟದ ಕೂಟದಲ್ಲಿ ಇದನ್ನು 6 ಮಿಲಿಮೀಟರ್ ಬೊಂಬೆಗಳಲ್ಲಿ ಆಡಿದ್ದೇವೆ. 300ಕ್ಕೆ 1ರ ಆ ಅಳತೆಯಲ್ಲಿ ಹೊಳೆ 85 ಸೆಂಟಿಮೀಟರಿಗೆ ಇಳಿಯುತ್ತದೆ, ಇಂಗ್ಲಿಷರು ಫಿರಂಗಿ ಕೂರಿಸಿದ್ದ ಬತೇರಿಗಳಿಗೂ ಮೇಜಿನಲ್ಲಿ ಜಾಗ ಸಿಗುತ್ತದೆ. ಆದರೆ ಬಬ್ರಿ ಹೋಯಿತು, ಬರೀ ನೇರಳೆ ಚುಕ್ಕಿ.

ಗಡಿಯಾರದವರು ಮೈಸೂರಿನ ಬಾಣಗಳನ್ನು, ಅಂದರೆ ಮದ್ದು ತುಂಬಿದ ರಾಕೆಟ್ಟುಗಳನ್ನು, ಮರೆತರು. ಕಬ್ಬಿಣದ ಕೊಳವೆ, ಅದಕ್ಕೆ ಕಟ್ಟಿದ ಉದ್ದನೆಯ ಬಿದಿರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ ಹಳೆಯ ಬಾವಿಯಿಂದ ಸಾವಿರದಷ್ಟು ಕೊಳವೆಗಳು ಹೊರಬಂದವಲ್ಲ, ಅದೇ ಜಾತಿಯವು. ಪಟ್ಟಣ ಬಿದ್ದ ಮೇಲೆ ಇಲ್ಲಿಗೆ ತಂದವನ್ನು ನೋಡಿಯೇ ವೂಲಿಚ್‌ನ ಶಸ್ತ್ರಾಗಾರದಲ್ಲಿ ಕಾಂಗ್ರೀವ್ ಎಂಬ ಇಂಗ್ಲಿಷಿನವನು ತನ್ನ ರಾಕೆಟ್ಟು ಮಾಡಿದ್ದು. ನಾನು ಊರಿಂದ ತಂದ ತೆಂಗಿನ ಪೊರಕೆಯ ಕಡ್ಡಿಯನ್ನು ಬಿದಿರಾಗಿಸಿ, ವಿದ್ಯುತ್ ತಂತಿಯ ಮೇಲುಹೊದಿಕೆಯನ್ನು ಕತ್ತರಿಸಿ ಕೊಳವೆ ಮಾಡಿದೆ. ಕಡ್ಡಿ ಗಿಡ್ಡವಾದರೆ ದೀಪಾವಳಿಯ ಪಟಾಕಿಯಂತೆ ಕಾಣುತ್ತದೆ, ಕೊಳವೆಯ ಹಲವು ಪಟ್ಟು ಉದ್ದವಿರಲಿ. ಆಟದಲ್ಲಿ ಬಾಣ ಗುರಿಗೆ ಬೀಳುವುದಕ್ಕಿಂತ ಗಾಬರಿ ಹುಟ್ಟಿಸುವುದು ಹೆಚ್ಚು. ಅದು ಹಾರುವ ದಿಕ್ಕಿಗೇ ಒಂದು ದಾಳ ಹಾಕಿ. ನಮ್ಮಲ್ಲಿ ಒಂದು ಸಲ ತಿರುಗಿ ಟಿಪ್ಪುವಿನ ಕಡೆಗೇ ಬಂತು.

ಉತ್ತರ 3: ಹಳೇಕಡತ

ಟಿಪ್ಪುವಿನ ಮಂತ್ರಿ ಮೀರ್ ಸಾದಿಕನಿಲ್ಲದೆ ಇದೆಂಥ ಪಟ್ಟಣ? ಅವನಿಗೊಂದು ಬೊಂಬೆ ಬೇಡವೇ? ಹಾಗೆಯೇ ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬುದನ್ನು ಮೊದಲು ಇಲ್ಲಿ ತೀರ್ಮಾನಿಸಿಕೊಂಡರೆ...

ಮರುಉತ್ತರ: ಗಡಿಯಾರದಂಗಡಿ

ಎರಡನೆಯ ಮಾತಿಗೆ ಊರಲ್ಲಿ ಬೇಕಾದಷ್ಟು ಕಟ್ಟೆಗಳಿವೆ, ಇಲ್ಲಿ ಬಣ್ಣ ಒಣಗುತ್ತಿದೆ. ಮೊದಲನೆಯದು ಒಳ್ಳೆಯ ಪ್ರಶ್ನೆ. ಬೊಂಬೆ ಬೇಡ, ಚೀಟಿ ಇಡಿ. ಸಂಬಳ ಕೊಡುವ ನೆಪದಲ್ಲಿ ಅವನು ಗೋಡೆಯ ಕಾವಲಿನವರನ್ನು ಹಿಂದಕ್ಕೆ ಕರೆಸಿದ ಎಂಬ ಮಾತಿದೆಯಲ್ಲ. ಹನ್ನೆರಡು ಚೀಟಿಗಳಲ್ಲಿ ಒಂದರ ಮೇಲೆ "ಬಟವಾಡೆ" ಎಂದು ಬರೆಯಿರಿ. ಅದು ಎದ್ದ ಸುತ್ತಿನಲ್ಲಿ ಗೋಡೆಯ ಮೇಲಿನ ಒಂದು ತಂಡ ಇಳಿದು ಹೋಗುತ್ತದೆ. ಟಿಪ್ಪುವಿನ ಸೇನಾನಿ ಸಯ್ಯದ್ ಗಫಾರ್ ಅದೇ ದಿನ ಲಗ್ಗೆಗೆ ಮೊದಲೇ ಫಿರಂಗಿ ಗುಂಡಿಗೆ ಸತ್ತಿದ್ದ. ಆ ಗೋಡೆಗೆ ಹೇಳುವವರು ಕೇಳುವವರು ಇರಲಿಲ್ಲ. ಆದ್ದರಿಂದ ಮೈಸೂರಿನ ಪ್ರತಿ ತಂಡವೂ ಅಪ್ಪಣೆ ಪಾಲಿಸುತ್ತದೆಯೋ ಇಲ್ಲವೋ ಎಂದು ದಾಳ ಕೇಳಿಯೇ ಕದಲಬೇಕು. ಟಿಪ್ಪು ಹತ್ತಿರವಿದ್ದರೆ ದಾಳ ಬೇಡ.

ಆಕಳಿಕೆಯ ವಿಷಯ. ಕೋಟೆ ಉಳಿಸುವುದನ್ನು ಗೆಲುವಿನ ಲೆಕ್ಕಕ್ಕೆ ಇಡಬೇಡಿ, ಹೊತ್ತು ತಳ್ಳುವುದನ್ನು ಇಡಿ. ಇಂಗ್ಲಿಷರ ದಂಡಿನಲ್ಲಿ ದವಸ ಮುಗಿಯುತ್ತ ಬಂದಿತ್ತು, ಮಳೆ ಹಿಡಿದರೆ ಹೊಳೆ ತುಂಬುತ್ತಿತ್ತು. ನಿಜದಲ್ಲಿ ಹೊಳೆ ದಾಟಿ ಬಾವುಟ ನೆಟ್ಟದ್ದು ಕೆಲವೇ ನಿಮಿಷಗಳಲ್ಲಿ. ನಿಮ್ಮ ಮೇಜಿನಲ್ಲಿ ಎಂಟು ಸುತ್ತಿನೊಳಗೆ ದಾಳಿಯವನು ಒಳಗೋಡೆ ಮುಟ್ಟದಿದ್ದರೆ ಮೈಸೂರು ಗೆದ್ದಂತೆ. ನನ್ನ ಅಂಗಡಿಯಲ್ಲಿ ಒಂಬತ್ತು ಸಲ ಆಡಿದ್ದೇವೆ, ಮೈಸೂರು ನಾಲ್ಕು ಸಲ ಗೆದ್ದಿದೆ. ಎದುರು ಬೀದಿಯ ಟೈಲರ್ ಇಂಗ್ಲಿಷರ ಕಡೆ ಕೂರಲು ಈಗ ಒಪ್ಪುವುದಿಲ್ಲ.

ಮಹಡಿಮನೆ, ಬೆಂಗಳೂರು

ಫೋಮ್ ಹಲಗೆ ಸಿಕ್ಕಿತು, ಪೆನ್ನಿನಿಂದ ಗೀಚಿದೆ, ಕಲ್ಲು ಕಲ್ಲಾಗಿಯೇ ಬಂತು. ಮೊದಲ ಮೂರು ಅಂಗಿಗಳಿಗೆ ಸುಣ್ಣ ಸಿಡಿದಿದೆ, ನಾಲ್ಕನೆಯದು ಪರವಾಗಿಲ್ಲ. ಎರಡು ಕೇಳುವುದಿದೆ ಸರ್. ಹೊಳೆಯ ನೀರಿಗೆ ಹೊಯ್ಯುವ ರೆಸಿನ್ (ಒಣಗಿದರೆ ಗಾಜಿನಂತೆ ಗಟ್ಟಿಯಾಗುವ ಅಂಟುದ್ರವ) ಎಷ್ಟು ಬೇಕಾದೀತು, ಅದು ಬಹಳ ದುಬಾರಿ. ಕಂದಕದ ಮುಚ್ಚಳಕ್ಕೆ ಹಿಡಿ ಎಲ್ಲಿ ಇಡುವುದು?

ಮರುಉತ್ತರ: ಗಡಿಯಾರದಂಗಡಿ

ರೆಸಿನ್ ಒಂದು ಲೋಟ ಸಾಕು. ಈಗಿನ ಹೊಳೆ ನೋಡಿ ಅಂದಾಜು ಮಾಡಬೇಡಿ. ಈಗ ಅಲ್ಲಿ ಹರಿಯುವುದು ಕನ್ನಂಬಾಡಿ ಕಟ್ಟೆಯಿಂದ ಬಿಟ್ಟಷ್ಟು ನೀರು, ಆ ಕಟ್ಟೆಯ ಕೆಲಸ ಶುರುವಾದದ್ದೇ 1911ರಲ್ಲಿ. ಅಂದಿನದು ಬೇಸಿಗೆಯ ಕಾವೇರಿ, ಬಂಡೆಯ ಪಾತ್ರ, ಕೆಲವು ಕಡೆ ಪಾದ ಮುಳುಗುವಷ್ಟು, ಕೆಲವು ಕಡೆ ಸೊಂಟದವರೆಗೆ. ಜಲ್ಲಿಪುಡಿ ಮತ್ತು ಮರಳನ್ನು ಫೆವಿಕಾಲ್‌ನಲ್ಲಿ ಕೂರಿಸಿ, ಬಂಡೆಗಳ ನಡುವಿನ ಗುಂಡಿಗಳಿಗೆ ಮಾತ್ರ ರೆಸಿನ್ ಹೊಯ್ಯಿರಿ. ಗುಂಡಿಗೆ ಕಾಲಿಟ್ಟ ತಂಡ ದಾಳ ಹಾಕಲಿ: ಪಾದ, ಮೊಣಕಾಲು, ಸೊಂಟ. ಸೊಂಟ ಬಿದ್ದರೆ ಆ ಸುತ್ತು ಅರ್ಧ ನಡಿಗೆ, ಮದ್ದು ಒದ್ದೆ.

ಮುಚ್ಚಳಕ್ಕೆ ಹಿಡಿ ಇಡಲೇಬೇಡಿ. ಹಿಡಿ ಕಂಡರೆ ಅಡಿಯಲ್ಲಿ ಏನೋ ಇದೆಯೆಂದು ಎದುರಿನವನಿಗೆ ಗೊತ್ತಾಗುತ್ತದೆ. ಮೇಜಿನ ಹಲಗೆಗೆ ಕೆಳಗಿನಿಂದ ಬೆರಳು ತೂರುವಷ್ಟು ತೂತು ಕೊರೆದು, ಅಲ್ಲಿಂದ ಮೇಲಕ್ಕೆ ತಳ್ಳಿ.