ಕೀ ಫೈಲ್ ಒಳಗೆ ಏನಿದೆ ಅಂತ ಇಂಪೋರ್ಟ್ ಮಾಡದೆ ನೋಡುವುದು ಹೇಗೆ? ಅನುಭವ ಇದ್ದವರು ಹೇಳಿ

ಹಳೆ ಬ್ಯಾಕಪ್‌ನಲ್ಲಿ ಜಿಪಿಜಿ (ಇಮೇಲ್, ಫೈಲ್ ಎನ್‌ಕ್ರಿಪ್ಟ್ ಮಾಡಲು), ಪೆಮ್ (ಕೀ, ಸರ್ಟಿಫಿಕೇಟ್ ಇಡುವ ಪಠ್ಯ ರೂಪ), ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಲಾಗಿನ್ ಆಗಲು) ಅಂತ ಒಂದು ರಾಶಿ ಎನ್‌ಕ್ರಿಪ್ಷನ್ ಕೀ ಫೈಲ್ ಸಿಕ್ಕಿವೆ. ಯಾವುದು ಪಬ್ಲಿಕ್ (ಎಲ್ಲರಿಗೂ ಕೊಡಬಹುದಾದದ್ದು), ಯಾವುದು ಪ್ರೈವೇಟ್ (ಗುಟ್ಟಾಗಿಡಬೇಕಾದದ್ದು), ಯಾವುದರ ಅವಧಿ ಮುಗಿದಿದೆ ಗೊತ್ತಿಲ್ಲ. ಟರ್ಮಿನಲ್‌ನಲ್ಲೇ ನೋಡಬೇಕು. ನೀವು ಹೇಗೆ ಮಾಡಿದಿರಿ?

ಕೀಗೊಂಚಲು: ಜಿಪಿಜಿ ಫೈಲ್‌ಗೆ ಜಿಪಿಜಿ --ಶೋ-ಕೀಸ್ ಕಮಾಂಡ್. ಹಳೆ ಆವೃತ್ತಿಯಲ್ಲಿ ಅದಿಲ್ಲದಿದ್ದರೆ --ಇಂಪೋರ್ಟ್-ಆಪ್ಷನ್ಸ್ ಶೋ-ಓನ್ಲಿ --ಇಂಪೋರ್ಟ್. ನಮ್ಮ ತಂಡದಲ್ಲಿ ನನಗಿಂತ ಮೊದಲಿದ್ದವರು ಸಿಕ್ಕಿದ್ದನ್ನೆಲ್ಲ ಕೀರಿಂಗ್‌ಗೆ (ಜಿಪಿಜಿ ಕೀಗಳನ್ನಿಡುವ ಸಂಗ್ರಹ) ತುಂಬಿ ಹೋಗಿದ್ದರು. ಒಂದೇ ಹೆಸರು, ಒಂದೇ ಇಮೇಲ್, ಬೇರೆ ಬೇರೆ ಕೀ. ಅವಧಿ ಮುಗಿದವು, ರದ್ದಾದವು, ಯಾರೋ ಟೆಸ್ಟ್‌ಗೆ ಮಾಡಿಟ್ಟವು ಎಲ್ಲ ಒಟ್ಟಿಗೆ. ಆಯಾ ಕೀ ಮಾಲೀಕರಿಗೆ ಫೋನ್ ಮಾಡಿ, 40 ಅಕ್ಷರದ ಫಿಂಗರ್‌ಪ್ರಿಂಟ್ (ಕೀಯನ್ನು ಗುರುತಿಸುವ ಸಂಕೇತ) ಓದಿಸಿ, ಒಂದೊಂದೇ ತಾಳೆ ನೋಡಿ ಶುಚಿ ಮಾಡಿದವನು ನಾನು. ಕೊನೆಯ 8 ಅಕ್ಷರ ಸಾಕು ಅನ್ನುವವರನ್ನು ನಂಬಬೇಡಿ, ಅಷ್ಟಕ್ಕೆ ಹೊಂದುವ ನಕಲಿ ಕೀ ಮಾಡುವುದು ಸುಲಭ.

ಕಪ್ಪುಪರದೆ: ಪೆಮ್ ಫೈಲನ್ನು ಜಿಪಿಜಿ ಓದುವುದೇ ಇಲ್ಲವಲ್ಲ! ಅದಕ್ಕೆ ಓಪನ್‌ಎಸ್‌ಎಸ್‌ಎಲ್ ಪಿಕೀ ಕಮಾಂಡ್, ಜೊತೆಗೆ -ನೋಔಟ್ -ಟೆಕ್ಸ್ಟ್_ಪಬ್. ಆ _ಪಬ್ ಬಿಡಲೇಬೇಡಿ. ಬರೀ -ಟೆಕ್ಸ್ಟ್ ಹಾಕಿದರೆ ಪ್ರೈವೇಟ್ ಎಕ್ಸ್‌ಪೊನೆಂಟ್, ಪ್ರೈಮ್‌ಗಳು, ಅಂದರೆ ಕೀಯ ಗುಟ್ಟಿನ ಸಂಖ್ಯೆಗಳು ಎಲ್ಲ ಪರದೆ ಮೇಲೆ ಬಂದುಬಿಡುತ್ತವೆ. ನಮ್ಮಲ್ಲಿ ಟರ್ಮಿನಲ್ ಸೆಷನ್ ಪೂರ್ತಿ ರೆಕಾರ್ಡ್ ಆಗುತ್ತಿತ್ತು. ಸಹೋದ್ಯೋಗಿ ಒಬ್ಬರು ಹಾಗೆ ಓಡಿಸಿದರು. ಕೀ ಲಾಗ್‌ಗೆ ಹೋಯಿತು, ಲಾಗ್ ಬ್ಯಾಕಪ್‌ಗೆ ಹೋಯಿತು. ಹೊಸ ಕೀ, ಹೊಸ ಸರ್ಟಿಫಿಕೇಟ್, ಹಳೆಯದರ ರದ್ದತಿ, ಎಲ್ಲ ಸರ್ವರ್‌ಗಳಲ್ಲೂ ಬದಲಾವಣೆ, ಮೇಲಿನವರಿಗೆ ವರದಿ. ರಜೆ ಪೂರ್ತಿ ಅದಕ್ಕೇ ಹೋಯಿತು.

ಕೀಗೊಂಚಲು: ಪಾಸ್‌ಫ್ರೇಸ್ ಹಾಕದೆ ಇಟ್ಟರೆ ಇನ್ನೇನಾಗುತ್ತದೆ?

ಕಪ್ಪುಪರದೆ: ಪಾಸ್‌ಫ್ರೇಸ್ ಇತ್ತು ಮಾರಾಯ್ರೇ. ಅದನ್ನು ಕೊಟ್ಟ ಮೇಲೆ ತಾನೇ ಒಳಗಿರುವುದು ಬಿಚ್ಚಿಕೊಳ್ಳುವುದು? ಸರಿಯಾಗಿ ಓದದೆ ಸುಮ್ನೆ ಉತ್ತರ ಕೊಡಬೇಡಿ.

ಸರ್ವರ್‌ಕಾವಲು: ಇಬ್ಬರೂ ಎಸ್‌ಎಸ್‌ಎಚ್ ಬಿಟ್ಟೇಬಿಟ್ಟಿರಿ. ಮೊದಲು ಫೈಲಿನ ಮೊದಲ ಸಾಲು ನೋಡಿ. ಅಲ್ಲಿ 'ಓಪನ್‌ಎಸ್‌ಎಸ್‌ಎಚ್ ಪ್ರೈವೇಟ್ ಕೀ' ಅಂತಿದ್ದರೆ ಎಸ್‌ಎಸ್‌ಎಚ್-ಕೀಜೆನ್ ಕಮಾಂಡ್ ಬೇಕು. 2018ರ ಓಪನ್‌ಎಸ್‌ಎಸ್‌ಎಚ್ 7.8 ಆವೃತ್ತಿಯಿಂದ ಅದೇ ಡೀಫಾಲ್ಟ್ ರೂಪ. ಆ ಕಮಾಂಡ್‌ನ -ಎಲ್ ಫಿಂಗರ್‌ಪ್ರಿಂಟ್ ತೋರಿಸುತ್ತದೆ, ಆದರೆ ಹಳೆ ರೂಪದ ಪ್ರೈವೇಟ್ ಕೀ ಆದರೆ ಪಕ್ಕದಲ್ಲಿರುವ .ಪಬ್ ಫೈಲನ್ನೇ ಓದಿ ಹೇಳಬಹುದು. ಆ .ಪಬ್ ಬೇರೆ ಕೀಯದ್ದಾಗಿದ್ದರೆ ಮುಗೀತು. ಹಾಗಾಗಿ -ವೈ ಕೊಟ್ಟು ಪ್ರೈವೇಟ್‌ನಿಂದಲೇ ಪಬ್ಲಿಕ್ ತೆಗೆದು ನೋಡಿ. ಇನ್ನೊಂದು ವಿಷಯ. ನಮ್ಮ ಹಳೆ ಫಿಂಗರ್‌ಪ್ರಿಂಟ್ ಪಟ್ಟಿ ಎಂಡಿ5ನಲ್ಲಿತ್ತು (ಫಿಂಗರ್‌ಪ್ರಿಂಟ್ ಲೆಕ್ಕಹಾಕುವ ಹಳೆ ವಿಧಾನ), 6.8 ಆವೃತ್ತಿಯಿಂದ ಡೀಫಾಲ್ಟ್ ಎಸ್‌ಎಚ್‌ಎ256 ವಿಧಾನ ಆಗಿದೆ. ಒಂದೂ ಹೊಂದಲಿಲ್ಲ, ಯಾರೋ ಒಳನುಗ್ಗಿದ್ದಾರೆ ಅಂತ ಮ್ಯಾನೇಜರ್ ಎಲ್ಲರ ಲಾಗಿನ್ ನಿಲ್ಲಿಸಿದರು. ದೊಡ್ಡಕ್ಷರದ -ಇ ಜೊತೆ ಎಂಡಿ5 ಕೊಟ್ಟು ತೋರಿಸಿದ ಮೇಲೇ ಬಿಟ್ಟಿದ್ದು.

ಕೀಗೊಂಚಲು: ಎಂಡಿ5 ಪಟ್ಟಿ ಇನ್ನೂ ಇಟ್ಟುಕೊಂಡಿದ್ದೀರಾ? ಅದನ್ನು ಮೊದಲು ಬದಲಿಸಿ.

ಸರ್ವರ್‌ಕಾವಲು: ನಮ್ಮ ಹಳೆ ನೆಟ್‌ವರ್ಕ್ ಸ್ವಿಚ್‌ಗಳು ತೋರಿಸುವುದೇ ಅದನ್ನು. ಹೊಸದಕ್ಕೆ ದುಡ್ಡು ನೀವು ಕೊಡ್ತೀರಾ?