ಕಾಗದಕ್ಕೆ ಕಾಫಿ ಕುಡಿಸುವ ವಿಧಾನ

ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ ಮಳೆ ಹಿಡಿದು ಹನ್ನೊಂದು ದಿನಗಳಾಗಿದ್ದವು. ಕರೆಂಟು ಹೋಗಿ ನಾಲ್ಕು ದಿನಗಳಾಗಿದ್ದರಿಂದ ಪೂವಯ್ಯನ ಜಗುಲಿಯಲ್ಲಿ ಮಾತಿನ ಹೊರತು ಬೇರೆ ಕಸುಬು ಯಾರಿಗೂ ಉಳಿದಿರಲಿಲ್ಲ. ಅಂಥ ಹೊತ್ತಿನಲ್ಲಿ ನಾಣಯ್ಯ ಗೊಬ್ಬರದ ಚೀಲದಲ್ಲಿ ಸುತ್ತಿದ ಒಂದು ಕಟ್ಟನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದನು. ತಾನು ಪೂರ್ತಿ ನೆನೆದಿದ್ದರೂ ಕಟ್ಟಿಗೆ ಒಂದು ಹನಿಯೂ ತಾಗಿರಲಿಲ್ಲ.

"ಐದು ಪುಸ್ತಕ," ಎಂದನು. "ಮಗಳು ಬೆಂಗಳೂರಿನಿಂದ ಕಳಿಸಿದ್ದಾಳೆ. ಚೂರುಪಾರು ಅಂಟಿಸಿ ಕೊಲಾಜ್ ಮಾಡುವುದು ಹೇಗೆ, ಸ್ಕೆಚ್ ಪುಸ್ತಕ ತುಂಬಿಸುವುದು ಹೇಗೆ ಎಂಬುದೆಲ್ಲ ಇದರಲ್ಲಿದೆ. ಬಣ್ಣ, ಶಾಯಿ, ಬಟ್ಟೆ ಚೂರು, ಹಳೆ ಕಾಗದ, ಎಲ್ಲವನ್ನೂ ಒಂದೇ ಪುಟದಲ್ಲಿ ಸೇರಿಸುವುದಕ್ಕೆ ಮಿಕ್ಸೆಡ್ ಮೀಡಿಯಾ ಎಂದು ಹೆಸರು."

"ನಮ್ಮಲ್ಲಿ ಅದಕ್ಕೆ ಅಟ್ಟ ಎಂದು ಹೆಸರು," ಎಂದನು ಪೂವಯ್ಯ.

ಡ್ರಾಯಿಂಗ್ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಒಂದು ಪುಸ್ತಕವನ್ನು ಕೈಗೆತ್ತಿಕೊಂಡರು. ಮೂವತ್ತು ವರ್ಷ ಮಕ್ಕಳಿಂದ ಹೂಕುಂಡವನ್ನೇ ಬರೆಸಿದವರಾದ್ದರಿಂದ ಅವರಿಗೆ ಹೊಸ ವಿದ್ಯೆಯ ಮೇಲೆ ಕೊಂಚ ಆಸೆಯೂ ಕೊಂಚ ಅಸೂಯೆಯೂ ಇದ್ದವು. ನಾಣಯ್ಯ ಮಾತ್ರ ಗುರುತಿಟ್ಟಿದ್ದ ನಲವತ್ತೆರಡನೆಯ ಪುಟವನ್ನು ತೆರೆದು, ಪುರಾಣ ಓದುವ ಧಾಟಿಯಲ್ಲಿ, ಹೊಸ ಕಾಗದವನ್ನು ಹಳೆಯದರಂತೆ ಕಾಣಿಸುವ ವಿಧಾನವನ್ನು ಕನ್ನಡಕ್ಕೆ ತಂದು ಹೇಳತೊಡಗಿದನು. ಗಟ್ಟಿಯಾದ ಕಾಫಿಯನ್ನು ಕಾಯಿಸಿ ಆರಿಸಬೇಕು, ಕಾಗದವನ್ನು ಮುದ್ದೆ ಮಾಡಿ ಮತ್ತೆ ಬಿಡಿಸಬೇಕು, ಕಾಫಿಯನ್ನು ಕುಂಚದಿಂದ ಸವರಬೇಕು, ಲೋಟದ ತಳವನ್ನು ಅದರಲ್ಲಿ ಅದ್ದಿ ಅಲ್ಲಲ್ಲಿ ಒತ್ತಿ ಬಳೆಯಂಥ ಕಲೆ ಮೂಡಿಸಬೇಕು, ಒಣಗಿದ ಮೇಲೆ ಅಂಚನ್ನು ಸ್ವಲ್ಪ ಹರಿಯಬೇಕು.

ಜಗುಲಿಯಲ್ಲಿ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಕೇಳಿಸಿತು.

"ಚಿಕೋರಿ ಎಷ್ಟು ಪಾಲು?" ಎಂದು ಪೂವಯ್ಯ ಕೇಳಿದನು.

"ಅದನ್ನು ಬರೆದಿಲ್ಲ."

"ಬರೆಯಬೇಕಾಗಿತ್ತು. ರೊಬಸ್ಟಾ ಕುಡಿದ ಕಾಗದ ಬೇರೆ, ಅರೇಬಿಕಾ ಕುಡಿದ ಕಾಗದ ಬೇರೆ. ಅಲ್ಲ ನಾಣಯ್ಯ, ಹೊಸ ಕಾಗದ ಹಳೆಯದಾಗಲು ಕೊಡಗಿನಲ್ಲಿ ಮನುಷ್ಯನು ಕೈ ಹಾಕಬೇಕೆ? ಜೂನ್ ತಿಂಗಳಲ್ಲಿ ಒಂದು ದಸ್ತು ಬಿಳಿ ಕಾಗದವನ್ನು ಈ ಬೆಂಚಿನ ಮೇಲಿಟ್ಟು, ಸೆಪ್ಟೆಂಬರಿನಲ್ಲಿ ಬಂದು ನೋಡು. ಅದು ರಾಜ ಲಿಂಗರಾಜೇಂದ್ರನ ಕಾಲದ್ದೋ ಅವನ ಮಗನ ಕಾಲದ್ದೋ ಎಂದು ವಿದ್ವಾಂಸರು ಜಗಳವಾಡುತ್ತಾರೆ. ಈ ಪುಸ್ತಕ ಬರೆದವರು ನಮ್ಮೂರಿನವರಾಗಿದ್ದರೆ ಕಾಗದವನ್ನು ಹೊಸದಾಗಿಯೇ ಉಳಿಸಿಕೊಳ್ಳುವ ವಿಧಾನವನ್ನು ಬರೆಯುತ್ತಿದ್ದರು. ನಾನು ಎರಡು ಪ್ರತಿ ಕೊಳ್ಳುತ್ತಿದ್ದೆ, ಒಂದು ಓದುವುದಕ್ಕೆ, ಇನ್ನೊಂದು ಬೂಷ್ಟು ಹಿಡಿಯುವುದಕ್ಕೆ."

ಮೇಷ್ಟ್ರು ನಗಲಿಲ್ಲ. ಅವರ ಕಣ್ಣಿಗೆ ಬೇರೊಂದು ತೊಡಕು ಬಿದ್ದಿತ್ತು. "ಇಲ್ಲಿ ನೋಡಿ, ಒಂಬತ್ತನೆಯ ಪುಟದಲ್ಲಿ ಆಮ್ಲವಿಲ್ಲದ ಕಾಗದವನ್ನೇ ಕೊಳ್ಳಬೇಕೆಂದು ಕಟ್ಟಪ್ಪಣೆ ಮಾಡಿದ್ದಾರೆ. ಕಾಗದದಲ್ಲಿ ಆಮ್ಲವಿದ್ದರೆ ಅದು ಕಾಲಕ್ರಮೇಣ ಹಳದಿಯಾಗಿ ಮುಟ್ಟಿದರೆ ಪುಡಿಯಾಗುತ್ತದೆ, ಆ ಮಾತು ಸರಿ. ಆದರೆ ನಲವತ್ತೆರಡನೆಯ ಪುಟದಲ್ಲಿ ಅದೇ ಕಾಗದದ ಮೇಲೆ ಕಾಫಿ ಸುರಿಯಲು ಹೇಳುತ್ತಾರೆ. ಕಾಫಿಯಲ್ಲಿಯೇ ಆಮ್ಲವಿದೆಯಲ್ಲ!"

"ಪಥ್ಯದವನಿಗೆ ಬೆಳಿಗ್ಗೆ ಗಂಜಿ, ರಾತ್ರಿ ಪಂದಿಕರಿ," ಎಂದನು ಪೂವಯ್ಯ.

ನಾಣಯ್ಯ ಸೋಲಲಿಲ್ಲ. ಸಾಮಾನುಗಳ ಪಟ್ಟಿಯ ಪುಟವನ್ನು ತಿರುವಿದನು. 300 ಜಿಎಸ್‌ಎಂನ ದಪ್ಪ ಕಾಗದ, ಜೆಸ್ಸೋ, ಜೆಲ್ ಮೀಡಿಯಂ, ಬಣ್ಣ ಹರಡುವ ರಬ್ಬರ್ ಉರುಳೆ, ವಾಶಿ ಟೇಪು ಎಂದು ಪಟ್ಟಿ ಮುಂದಿನ ಪುಟಕ್ಕೂ ಹರಿದಿತ್ತು. ಜೆಸ್ಸೋ ಎಂದರೆ ಬಣ್ಣ ಕಚ್ಚಿಕೊಳ್ಳಲೆಂದು ಮೊದಲು ಬಳಿಯುವ ಬಿಳಿಯ ಲೇಪವೆಂದೂ, ಗೋಡೆಗೆ ಪೇಂಟಿಗಿಂತ ಮೊದಲು ಪ್ರೈಮರ್ ಹೊಡೆದಂತೆ ಎಂದೂ ಮೇಷ್ಟ್ರು ವಿವರಿಸಿದರು. ಜೆಲ್ ಮೀಡಿಯಂ ಅಕ್ರಿಲಿಕ್ ಜಾತಿಯದು. ಹಚ್ಚುವಾಗ ಹಾಲಿನಂತೆ ಬೆಳ್ಳಗಿದ್ದು ಒಣಗಿದಾಗ ತಿಳಿಯಾಗುತ್ತದೆ, ಕೆಳಗೆ ಅಂಟಾಗಿಯೂ ಮೇಲೆ ವಾರ್ನಿಷ್ ಆಗಿಯೂ ದುಡಿಯುತ್ತದೆ, ಮೈದಾ ಅಂಟಿನಂತೆ ಹುಳುವನ್ನು ಊಟಕ್ಕೆ ಕರೆಯುವುದಿಲ್ಲ.

"ಈ ವಿದ್ಯೆಯನ್ನು ಶುರು ಮಾಡಿದವನ ಹತ್ತಿರ ಈ ಪಟ್ಟಿ ಇತ್ತೇ?" ಎಂದು ಪೂವಯ್ಯ ಕೇಳಿದನು.

"1912ರಲ್ಲಿ ಪಿಕಾಸೋ, ಬೆತ್ತದ ಕುರ್ಚಿಯ ಹೆಣಿಗೆಯನ್ನು ಅಚ್ಚು ಹಾಕಿದ್ದ ಮೇಣದ ಬಟ್ಟೆಯ ತುಂಡೊಂದನ್ನು ಚಿತ್ರದ ಮೇಲೆ ಅಂಟಿಸಿ, ಸುತ್ತಲೂ ಚೌಕಟ್ಟಿನ ಬದಲು ಹಗ್ಗ ಸುತ್ತಿದನು. ಅದೇ ವರ್ಷ ಬ್ರಾಕ್ ಗೋಡೆಗೆ ಹಚ್ಚುವ ಕಾಗದವನ್ನು ಕತ್ತರಿಸಿ ಅಂಟಿಸಿದನು. ಆಮೇಲೆ ಜರ್ಮನಿಯಲ್ಲಿ ಶ್ವಿಟರ್ಸ್ ಎಂಬವನು ಟ್ರಾಮಿನ ಟಿಕೆಟ್ಟು, ಪೊಟ್ಟಣದ ಕಾಗದಗಳನ್ನು ಆಯ್ದು ತಂದು ಚಿತ್ರ ಮಾಡಿದನು," ಎಂದರು ಮೇಷ್ಟ್ರು.

"ಅಂದರೆ ಟ್ರಾಮು ಹತ್ತಿದ್ದಾನೆ."

"ಹತ್ತಿರಲೇಬೇಕು."

"ನಾಣಯ್ಯ, ಆ ಕವರಿನಲ್ಲಿ ಏನಿದೆ?"

ನಾಣಯ್ಯ ಮುಚ್ಚಿಡಲು ನೋಡಿದನು, ಆಗಲಿಲ್ಲ. ಪುಸ್ತಕದ ಜೊತೆಗೆ ಮಗಳು ಕಳಿಸಿದ್ದ ಪೊಟ್ಟಣವದು. ಹಳೆಯ ರೈಲು ಟಿಕೆಟ್ಟು, ಮೊಹರು ಬಿದ್ದ ಲಕೋಟೆ, ಯಾರದೋ ಓರೆ ಕೈಬರಹದ ಪತ್ರಗಳನ್ನು ಹೊಸದಾಗಿ ಅಚ್ಚು ಹಾಕಿ, ಅರವತ್ತು ತುಂಡುಗಳನ್ನು ಒಟ್ಟುಮಾಡಿ ಮಾರುವ ಸರಕು. ಪೂವಯ್ಯ ಒಂದೊಂದನ್ನೇ ಬೆಂಚಿನ ಮೇಲೆ ಇಸ್ಪೀಟಿನಂತೆ ಹರಡಿದನು.

"ಹೋಗದ ಊರಿನ ಟಿಕೆಟ್ಟು, ಬಾರದ ಪತ್ರದ ಲಕೋಟೆ, ಇಲ್ಲದ ಅಜ್ಜಿಯ ಕೈಬರಹ. ನೀನು ವಿರಾಜಪೇಟೆಗೆ ಹೋಗಿ ಬಂದ ಬಸ್ಸಿನ ಟಿಕೆಟ್ಟನ್ನು ಸುರುಳಿ ಸುತ್ತಿ ಕಿವಿ ಕೆರೆದು ಬಿಸಾಡುತ್ತೀಯೆ, ಪ್ಯಾರಿಸಿನ ಟಿಕೆಟ್ಟನ್ನು ದುಡ್ಡು ಕೊಟ್ಟು ತರಿಸುತ್ತೀಯೆ."

ಅಷ್ಟರಲ್ಲಿ ಸೀತಮ್ಮನವರು ಮದ್ದು ಸೊಪ್ಪಿನ ಪಾಯಸ ತಂದರು. ಅಂದು ಕಕ್ಕಡ ಹದಿನೆಂಟು. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರುತ್ತದೆ ಎಂದು ನಂಬಿಕೆ. ನೇರಳೆ ಬಣ್ಣದ ಆ ಪಾಯಸದಲ್ಲಿ ನಾಣಯ್ಯ ಬೆರಳದ್ದಿ ಪೊಟ್ಟಣದ ಲಕೋಟೆಯೊಂದರ ಬೆನ್ನಿಗೆ ಎಳೆದನು. ಬಣ್ಣ ಸೊಗಸಾಗಿಯೇ ಹಿಡಿಯಿತು. "ಎಷ್ಟು ದಿನ ನಿಲ್ಲುತ್ತದೆ?" ಎಂದು ಮೇಷ್ಟ್ರು ಶಾಸ್ತ್ರೋಕ್ತವಾಗಿ ಕೇಳಿದರು. "ಹೊಟ್ಟೆಯಲ್ಲಾದರೆ ನಾಳೆಯವರೆಗೆ," ಎಂದನು ಪೂವಯ್ಯ. ಸೀತಮ್ಮನವರು ಸೌಟು ತೋರಿಸಿದ್ದರಿಂದ ಆ ವಿಷಯ ಅಲ್ಲಿಗೇ ನಿಂತಿತು.

ಅವರು ನಿಂತಲ್ಲೇ ಪುಸ್ತಕವೊಂದರ ಹಾಳೆ ತಿರುವಿದರು. "ಮೇಷ್ಟ್ರೇ, ಹೆಂಗಸರು ಯಾರೂ ಇದನ್ನು ಮಾಡಿಲ್ಲವೆ?"

"ಮಾಡದೆ ಏನು? ಪಿಕಾಸೋಗಿಂತ ಬಹಳ ಮೊದಲೇ, ಇಂಗ್ಲೆಂಡಿನಲ್ಲಿ ಮೇರಿ ಡೆಲಾನಿ ಎಂಬ ವಿಧವೆ ಎಪ್ಪತ್ತು ದಾಟಿದ ಮೇಲೆ ಕತ್ತರಿ ಹಿಡಿದು, ಬಣ್ಣದ ಕಾಗದದ ಸಣ್ಣ ಸಣ್ಣ ತುಂಡುಗಳನ್ನು ಕಪ್ಪು ಹಿನ್ನೆಲೆಯ ಮೇಲೆ ಅಂಟಿಸಿ ಸಾವಿರದ ಹತ್ತಿರ ಹೂಗಿಡಗಳನ್ನು ಮಾಡಿದರು. ಅವು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ."

"ನಾಣಯ್ಯನಿಗೆ ಅರವತ್ತಾರು," ಎಂದನು ಪೂವಯ್ಯ. "ಇನ್ನೂ ಕೆಲವು ವರ್ಷ ನಿಶ್ಚಿಂತೆಯಿಂದ ಪುಸ್ತಕ ಓದಬಹುದು. ಇರಲಿ, ಆ ಸ್ಕೆಚ್ ಪುಸ್ತಕದಲ್ಲಿ ಇದುವರೆಗೆ ಏನು ಮಾಡಿದ್ದೀಯೆ?"

ನಾಣಯ್ಯ ಸುಮ್ಮನಾದನು. ಐದು ಪುಸ್ತಕಗಳಲ್ಲಿಯೂ ಮೊದಲ ಪುಟದ ಭಯವನ್ನು ಗೆಲ್ಲುವ ಬಗ್ಗೆ ಒಂದೊಂದು ಅಧ್ಯಾಯವಿತ್ತು, ಐದನ್ನೂ ಅವನು ಓದಿದ್ದನು, ಈಗ ಐದು ಬಗೆಯ ಭಯ ಅವನಿಗೆ ಚೆನ್ನಾಗಿ ತಿಳಿದಿತ್ತು. ಕೊನೆಗೆ, ತಾನು ಬಂದ ಕಾರಣವನ್ನು ಹೊರಗೆಡಹಿದನು. "ನಕಲಿ ಹಳೆ ಕಾಗದ ಬೇಡವೆಂದೇ ನನಗೂ ಅನಿಸುತ್ತದೆ. ನಿನ್ನ ತಂದೆಯವರ ಮಳೆ ಪುಸ್ತಕ ಇದೆಯಲ್ಲ, ಅದರಲ್ಲಿ ಒಂದು ಹಾಳೆ ಕೊಟ್ಟರೆ..."

ಪೂವಯ್ಯ ಬಯ್ಯಲಿಲ್ಲ. ಒಳಗೆ ಹೋಗಿ, ಅಟ್ಟದ ಮೇಲಿನಿಂದ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತಂದು, ಪಂಚೆಯ ತುದಿಯಿಂದ ಬೂಷ್ಟು ಒರೆಸಿ ತೆರೆದನು. ದಿನಕ್ಕೊಂದು ಸಾಲು. ಮಳೆಮಾಪಕದಲ್ಲಿ ಬೆಳಿಗ್ಗೆ ಅಳೆದ ಇಂಚು, ಇಂಚಿನ ನೂರನೆಯ ಒಂದು ಪಾಲಾದ ಸೆಂಟು. ಜುಲೈ ಪುಟಗಳಲ್ಲಿ ಅಂಕಿಗಳು ದಪ್ಪ, ಜನವರಿಯಲ್ಲಿ ಬರೀ ಅಡ್ಡಗೆರೆ. ನಡುನಡುವೆ ಕಾಫಿ ಮಾರಿದ ರಸೀತಿ, ಅನ್ನದ ಅಗುಳಿನಿಂದ ಅಂಟಿಸಿದ ಅಂಚೆಚೀಟಿ, ಕಿತ್ತಳೆ ಎಣಿಸಿದ ಲೆಕ್ಕ, ಗದ್ದೆಗೆ ಇಳಿದ ಆನೆಯ ಹೆಜ್ಜೆಯನ್ನು ಪೆನ್ಸಿಲಿನಲ್ಲಿ ಸುತ್ತಿ ಪಕ್ಕದಲ್ಲಿ ಬರೆದ ಅಳತೆ ಇದ್ದವು. ಕೆಲವು ವರ್ಷಗಳ ಅನಂತರ ಕಿತ್ತಳೆಯ ಲೆಕ್ಕ ಸಾವಿರದಿಂದ ನೂರಕ್ಕಿಳಿದು, ಆಮೇಲೆ ಕಾಣಿಸಲಿಲ್ಲ.

ಮಾರ್ಚಿಯ ಒಂದು ಪುಟದಲ್ಲಿ ಅಂಕಿಗಳ ಮೇಲೆಯೇ ಲೋಟದ ಬಳೆಗಲೆ ಮೂಡಿ, ಅರ್ಧ ಪುಟಕ್ಕೆ ಕಾಫಿ ಹರಿದಿತ್ತು. ಕಲೆಯ ನಡುವೆ "1 ಇಂಚು 10 ಸೆಂಟು, ಹೂಮಳೆ" ಎಂದಿತ್ತು, ಎಂದರೆ ಕಾಫಿ ಗಿಡವನ್ನು ಹೂಬಿಡಿಸುವ ಮಳೆ. ಒಂಬತ್ತು ಸಾಲುಗಳ ಕೆಳಗೆ ಒಣಗಿದ ಕಾಫಿ ಹೂವಿನ ಗೊಂಚಲೊಂದು ಅಂಟಿಕೊಂಡಿತ್ತು.

"ಆ ವರ್ಷ ಹೂಮಳೆ ತಪ್ಪಿಹೋಯಿತೆಂದೇ ತಿಳಿದಿದ್ದೆವು," ಎಂದನು ಪೂವಯ್ಯ. "ಮಾಪಕ ನೋಡಿ ಒಳಗೆ ಓಡಿ ಬಂದ ತಂದೆಯವರು ಲೋಟವನ್ನು ಎಲ್ಲಿಡುತ್ತಿದ್ದೇನೆಂದು ನೋಡಲಿಲ್ಲ."

ನಾಣಯ್ಯ ಇನ್ನೂ ಕೆಲವು ಪುಟಗಳನ್ನು ತಿರುವಿದನು. ಒಂದು ಆಗಸ್ಟಿನ ನಡುವೆ ಕೈಬರಹ ಬದಲಾಗಿತ್ತು. ಹದಿನಾರು ದಿನ ಸಾಲು ಖಾಲಿ ಬಿದ್ದಿದ್ದು, ಹದಿನೇಳನೆಯ ದಿನದ ಮಳೆಯನ್ನು ಪೂವಯ್ಯನ ದುಂಡನೆಯ ಅಕ್ಷರ ಬರೆದಿತ್ತು. ಯಾರೂ ಏನೂ ಕೇಳಲಿಲ್ಲ. ಹಾಳೆಯ ಮಾತನ್ನೂ ನಾಣಯ್ಯ ಮತ್ತೆ ಎತ್ತಲಿಲ್ಲ.

ಪುಸ್ತಕ ಮುಚ್ಚುವಾಗ ಹೂವಿನ ಗೊಂಚಲು ಕಾಗದದಿಂದ ಬಿಟ್ಟು ಪೂವಯ್ಯನ ಅಂಗೈಗೆ ಉದುರಿತು. ಅದರ ಅಡಿಯ ಅಂಟನ್ನು ಹುಳು ಪೂರ್ತಿ ತಿಂದಿತ್ತು. ಅವನು ಅಂಗೈಯನ್ನು ಮಳೆಯ ಗಾಳಿಗೆ ಮರೆಮಾಡಿಕೊಂಡು ಸ್ವಲ್ಪ ಹೊತ್ತು ಕುಳಿತನು.

"ನಾಣಯ್ಯ, ಆ ಪುಸ್ತಕ ತೆಗೆ," ಎಂದನು ಆಮೇಲೆ. "ಕಾಫಿಯ ಪುಟ ಬೇಡ. ಹುಳು ತಿನ್ನದ ಅಂಟಿನ ಪುಟ."