ಬಂಡೆಗೆ ಬೇಕಾದ ಕಾಂಟ್ರಾಸ್ಟ್ ಆಕಾಶಕ್ಕೆ ಬೇಡ: ಲ್ಯೂಮಿನಾಸಿಟಿ ಮಾಸ್ಕ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ, ಹೊಳಲ್ಕೆರೆಯಿಂದ: ಸರ್, ಚಿತ್ರದುರ್ಗದ ಕೋಟೆ ಮೇಲೆ ಬೆಳಗ್ಗೆ ಎಂಟೂವರೆ ಸುಮಾರಿಗೆ ತೆಗೆದ ಚಿತ್ರ, ರಾ ಫೈಲ್ (ಕ್ಯಾಮೆರಾದ ಕಚ್ಚಾ ಫೈಲ್) ಇದೆ. ತೆರೆದು ನೋಡಿದ್ರೆ ಸಪ್ಪೆ ಕಾಣ್ತಿತ್ತು. ಕಾಂಟ್ರಾಸ್ಟ್ +40, ಕ್ಲಾರಿಟಿ +50 ಕೊಟ್ಟೆ. ಈಗ ಬಂಡೆಗಳ ನೆರಳಿನ ಭಾಗ ಪೂರ್ತಿ ಕಪ್ಪಾಗಿದೆ, ಬುರುಜಿನ ಅಂಚಿಗೆ ಬಿಳಿ ಗೆರೆ ಬಂದಿದೆ, ಬಂಡೆ ಬಣ್ಣ ಕಿತ್ತಳೆಗೆ ತಿರುಗಿದೆ. ಕಮ್ಮಿ ಮಾಡಿದ್ರೆ ಮತ್ತೆ ಸಪ್ಪೆ. ಲ್ಯೂಮಿನಾಸಿಟಿ ಮಾಸ್ಕ್ ಅಂತಾರಲ್ಲ, ಅದರಿಂದ ಸರಿಹೋಗುತ್ತಾ? ಫೋಟೋಶಾಪ್ ಇದೆ.

ಉತ್ತರ: ಸರಿಹೋಗುತ್ತೆ. ಲ್ಯೂಮಿನಾಸಿಟಿ ಮಾಸ್ಕ್ ಅಂದರೆ ತಿದ್ದುಪಡಿ ಎಲ್ಲಿ ಎಷ್ಟು ಬೀಳಬೇಕು ಅನ್ನೋದನ್ನು ಚಿತ್ರದ ಬೆಳಕಿನಿಂದಲೇ ತೀರ್ಮಾನಿಸೋ ತೆರೆ. ಆದರೆ ಈ ಮೂರು ತೊಂದರೆಗೂ ಕಾರಣ ಬೇರೆ ಬೇರೆ, ಅದು ಮೊದಲು ಗೊತ್ತಾಗಲಿ. ಕಾಂಟ್ರಾಸ್ಟ್ ಸ್ಲೈಡರ್ ಇಡೀ ಚಿತ್ರಕ್ಕೆ ಒಂದೇ ಲೆಕ್ಕ ಹಾಕುತ್ತೆ: ನಡುವಿನ ಟೋನ್‌ಗಳನ್ನು ದೂರ ಸರಿಸಲು ಎರಡು ತುದಿಯ ಟೋನ್‌ಗಳನ್ನು ಒತ್ತಿಬಿಡುತ್ತೆ. ನೆರಳು ಕಪ್ಪಾಗಿದ್ದು ಅದರಿಂದ. ಕ್ಲಾರಿಟಿ ಅಕ್ಕಪಕ್ಕದ ಬೆಳಕಿನ ವ್ಯತ್ಯಾಸವನ್ನು ಅಗಲವಾದ ಸುತ್ತಳತೆಯಲ್ಲಿ ಹಿಗ್ಗಿಸುತ್ತೆ, ಹಾಗಾಗಿ ಕಪ್ಪು ಬುರುಜು ಬೆಳ್ಳನೆ ಆಕಾಶವನ್ನು ಸೇರುವಲ್ಲಿ ಗೆರೆ ಏಳುತ್ತೆ. ಇನ್ನು ಬಣ್ಣ. ಕಾಂಟ್ರಾಸ್ಟ್ ಕರ್ವ್ ಕೆಂಪು, ಹಸಿರು, ನೀಲಿ ಮೂರರ ಮೇಲೂ ಕೆಲಸ ಮಾಡುತ್ತೆ. ಬೆಳಗಿನ ಬಿಸಿಲಿನ ಬಂಡೆಯಲ್ಲಿ ಕೆಂಪು ಹೆಚ್ಚು, ನೀಲಿ ಕಡಿಮೆ. ಹೆಚ್ಚಿದ್ದು ಮೇಲೆ, ಕಡಿಮೆ ಇದ್ದದ್ದು ಕೆಳಗೆ ಹೋದರೆ ನಡುವಿನ ಅಂತರ ಬೆಳೆಯುತ್ತೆ. ಅದೇ ನಿಮಗೆ ಕಾಣ್ತಿರೋ ಕಿತ್ತಳೆ.

ನಿಜವಾಗಿ ನಿಮಗೆ ಕಾಂಟ್ರಾಸ್ಟ್ ಬೇಕಿರೋದು ಎಲ್ಲಿ? ಬಿಸಿಲು ಬಿದ್ದ ಬಂಡೆಯ ಮೈಯಲ್ಲಿ. ಅಲ್ಲಿನ ಹರಳು, ಮಳೆನೀರು ಇಳಿದ ಕಪ್ಪು ಗೆರೆ, ಕಲ್ಲುಗಳ ಜೋಡಣೆಯ ಸಂದು ಎದ್ದು ಕಾಣಬೇಕು. ಆಕಾಶ, ನೆರಳು ಎರಡೂ ಇದ್ದಲ್ಲೇ ಇರಲಿ.

ಮೊದಲು ರಾ ಫೈಲನ್ನು ಬೇಕಂತಲೇ ಸಪ್ಪೆಯಾಗಿ ತೆರೆಯಿರಿ. ಕಾಂಟ್ರಾಸ್ಟ್ 0, ಕ್ಲಾರಿಟಿ 0, ಹೈಲೈಟ್ಸ್ −40 ಆಸುಪಾಸು, ಶ್ಯಾಡೋಸ್ +20. ಫೋಟೋಶಾಪಿಗೆ 16 ಬಿಟ್‌ನಲ್ಲೇ ಕಳಿಸಿ. 8 ಬಿಟ್‌ನಲ್ಲಿ ಚಾನೆಲ್ಲಿಗೆ ಬರೀ 256 ಹಂತ, ಎರಡು ಮೂರು ಕರ್ವ್ ಬಿದ್ದರೆ ಆಕಾಶದಲ್ಲಿ ಪಟ್ಟೆಪಟ್ಟೆ ಏಳುತ್ತೆ.

ಚಾನೆಲ್ಸ್ ಪ್ಯಾನೆಲ್ ತೆರೆದು, ಕಂಟ್ರೋಲ್ ಒತ್ತಿ ಹಿಡಿದು ಆರ್‌ಜಿಬಿ ಚಾನೆಲ್ಲಿನ ಪುಟ್ಟ ಚಿತ್ರದ ಮೇಲೆ ಕ್ಲಿಕ್ ಮಾಡಿ. ಚಿತ್ರದ ಬೆಳಕೇ ಆಯ್ಕೆಯಾಗುತ್ತೆ: ಎಷ್ಟು ಬೆಳ್ಳಗಿದೆಯೋ ಅಷ್ಟು ಹೆಚ್ಚು. ಕೆಳಗಿನ ಸೇವ್ ಸೆಲೆಕ್ಷನ್ ಬಟನ್ ಒತ್ತಿ ಹೊಸ ಚಾನೆಲ್ ಮಾಡಿ, 'ಲೈಟ್ಸ್ 1' ಅಂತ ಹೆಸರಿಡಿ. ಆಯ್ಕೆ ಬಿಡದೆ, ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರೂ ಒತ್ತಿ ಅದೇ ಚಾನೆಲ್ ಮೇಲೆ ಇನ್ನೊಮ್ಮೆ ಕ್ಲಿಕ್ ಮಾಡಿದರೆ 'ಲೈಟ್ಸ್ 2', ಮತ್ತೊಮ್ಮೆ ಮಾಡಿದರೆ 'ಲೈಟ್ಸ್ 3'. ಇದರಲ್ಲಿ ನಡೆಯೋದು ಗುಣಾಕಾರ. 0 ಕಪ್ಪು, 255 ಬಿಳಿ ಅನ್ನೋ ಲೆಕ್ಕದಲ್ಲಿ 200 ಮಟ್ಟದ ಬಿಸಿಲ ಬಂಡೆ ಲೈಟ್ಸ್ 2ರಲ್ಲಿ 157, ಲೈಟ್ಸ್ 3ರಲ್ಲಿ 123 ಆಗುತ್ತೆ. 100 ಮಟ್ಟದ ನೆರಳು 39ಕ್ಕೆ, ಆಮೇಲೆ 15ಕ್ಕೆ ಕುಸಿಯುತ್ತೆ. ಅಂದರೆ ಹಂತ ಹೆಚ್ಚಿದಂತೆ ನೆರಳು ತಾನಾಗೇ ಹೊರಗೆ ಬೀಳುತ್ತೆ, ನೀವು ಬ್ರಷ್ ಹಿಡಿದು ಅಂಚು ಬಿಡಿಸೋ ಅಗತ್ಯವೇ ಇಲ್ಲ.

ಲೈಟ್ಸ್ 1 ಆಯ್ಕೆ ಮಾಡಿ ಕಂಟ್ರೋಲ್, ಶಿಫ್ಟ್, ಐ ಒತ್ತಿದರೆ ತಿರುವುಮುರುವಾಗಿ 'ಡಾರ್ಕ್ಸ್ 1'. ಅದನ್ನೂ ಸೇವ್ ಮಾಡಿ. ಮಿಡ್‌ಟೋನ್‌ಗೆ ಕಂಟ್ರೋಲ್ ಎ ಒತ್ತಿ ಪೂರ್ತಿ ಆಯ್ಕೆ ಮಾಡಿ, ನಂತರ ಕಂಟ್ರೋಲ್ ಆಲ್ಟ್ ಹಿಡಿದು ಲೈಟ್ಸ್ 1, ಡಾರ್ಕ್ಸ್ 1 ಎರಡನ್ನೂ ಕಳೆಯಿರಿ. ನಿಮ್ಮ ಚಿತ್ರಕ್ಕೆ ಮುಖ್ಯವಾಗಿ ಬೇಕಿರೋದು ಈ ಮಿಡ್‌ಟೋನ್ ಮಾಸ್ಕೇ. ಆ ಆಯ್ಕೆ ಇರುವಾಗಲೇ ಕರ್ವ್ಸ್ ಲೇಯರ್ ಸೇರಿಸಿ, ಮಾಸ್ಕ್ ತಾನೇ ಬಂದು ಕೂರುತ್ತೆ. ಲೇಯರಿನ ಬ್ಲೆಂಡ್ ಮೋಡ್ 'ಲ್ಯೂಮಿನಾಸಿಟಿ' ಮಾಡಿ, ಬಣ್ಣ ಕದಲಲ್ಲ. ಕರ್ವ್‌ನಲ್ಲಿ 90ನ್ನು 60ಕ್ಕೆ ಇಳಿಸಿ, 165ನ್ನು 195ಕ್ಕೆ ಏರಿಸಿ.

ಅವರೇ ಮತ್ತೆ: ಸರ್, ಮಿಡ್‌ಟೋನ್ ಮಾಡಿದ ಕೂಡಲೇ ಶೇ 50ಕ್ಕಿಂತ ಹೆಚ್ಚು ಆಯ್ಕೆಯಾದ ಪಿಕ್ಸೆಲ್ ಇಲ್ಲ ಅಂತ ಎಚ್ಚರಿಕೆ ಬಂತು, ಆಯ್ಕೆ ತೋರಿಸೋ ಚುಕ್ಕಿಗೆರೆಯೂ ಕಾಣ್ತಿಲ್ಲ. ಮತ್ತೆ 30 ಹಂತ ಅಂದ್ರೆ ಬಹಳ ಆಗಲ್ವಾ?

ಉತ್ತರ: ಎರಡಕ್ಕೂ ಒಂದೇ ಕಾರಣ. ಸರಿಯಾಗಿ ನಡುವೆ, 128ರ ಹತ್ತಿರ ಇರೋ ಪಿಕ್ಸೆಲ್ ಲೈಟ್ಸ್‌ನಲ್ಲಿ ಅರ್ಧ, ಡಾರ್ಕ್ಸ್‌ನಲ್ಲಿ ಅರ್ಧ. ಪೂರ್ತಿಯಿಂದ ಅರ್ಧ ಕಳೆದು, ಉಳಿದದ್ದರಲ್ಲಿ ಮತ್ತೆ ಅರ್ಧ ಕಳೆದರೆ ಶೇ 25. ಈ ಮಾಸ್ಕ್‌ನಲ್ಲಿ ಯಾವ ಪಿಕ್ಸೆಲ್ಲೂ ಅದಕ್ಕಿಂತ ಹೆಚ್ಚು ಆಯ್ಕೆ ಆಗಲ್ಲ. ಅರ್ಧ ದಾಟಿದ ಕಡೆ ಮಾತ್ರ ಚುಕ್ಕಿಗೆರೆ ಕಾಣೋದು, ಹಾಗಾಗಿ ಗೆರೆ ಇಲ್ಲ, ಆಯ್ಕೆ ಮಾತ್ರ ಇದೆ. ಎಚ್ಚರಿಕೆಗೆ ಓಕೆ ಒತ್ತಿ ಮುಂದೆ ಹೋಗಿ. 30 ಹಂತ ಸರಿಸಿದರೂ 90 ಮತ್ತು 165ರ ಹತ್ತಿರ ಚಿತ್ರಕ್ಕೆ ತಟ್ಟೋದು ಸುಮಾರು 7 ಹಂತ ಅಷ್ಟೇ. ಈ ಮಾಸ್ಕ್ ಮೇಲೆ ಕರ್ವ್ ಧಾರಾಳವಾಗಿ ಎಳೆಯಬಹುದು.

ಒಂದು ವಿಷಯ ನೆನಪಿಡಿ. ಮಾಸ್ಕ್ ಮಾಡಿದ ಹೊತ್ತಿನ ಬೆಳಕೇ ಅದರಲ್ಲಿ ಉಳಿಯೋದು. ಆಮೇಲೆ ಕೆಳಗಿನ ಲೇಯರ್‌ನಲ್ಲಿ ಬೆಳಕು ಬದಲಿಸಿದರೆ ಮಾಸ್ಕ್ ಹಳೆಯದಾಗಿಬಿಡುತ್ತೆ, ಹೊಸದಾಗಿ ಮಾಡಲೇಬೇಕು.

ಸಂದುಗಳ ಕಪ್ಪನ್ನು ಸ್ವಲ್ಪ ಎತ್ತಬೇಕಾದರೆ ಡಾರ್ಕ್ಸ್ 1 ಬೇಡ, ಅದು ನಡುವಿನ ಟೋನ್‌ಗಳನ್ನೂ ಹಿಡಿದು ಇಡೀ ಚಿತ್ರವನ್ನು ಬೂದು ಮಾಡುತ್ತೆ. ಡಾರ್ಕ್ಸ್ 2 (ಲೈಟ್ಸ್ 2ರ ಹಾಗೇ ಡಾರ್ಕ್ಸ್ 1ರಿಂದ ಮಾಡಿದ್ದು) ತಗೊಂಡು 40ನ್ನು 55ಕ್ಕೆ ಏರಿಸಿ, 10ರ ಹತ್ತಿರ ಒಂದು ಬಿಂದು ಕದಲದ ಹಾಗೆ ಇಟ್ಟುಬಿಡಿ. ಕಡುಕಪ್ಪು ಅಲ್ಲೇ ನಿಂತರೆ ಮಾತ್ರ ಬಂಡೆಗೆ ತೂಕ ಉಳಿಯುತ್ತೆ.

ಪ್ರಶ್ನೆ, ಚಳ್ಳಕೆರೆಯಿಂದ: ಅಣ್ಣಾ, ಬಂಡೆ ಸಾಲಿನ ಹಿಂದಿನ ಆಕಾಶ ಮಾತ್ರ ಗಾಢ ಮಾಡ್ಬೇಕು. ಲೈಟ್ಸ್ 3 ಹಾಕಿದ್ರೆ ಬಿಸಿಲು ಬಿದ್ದ ಬಂಡೆನೂ ಜೊತೆಗೆ ಕಪ್ಪಾಗ್ತಿದೆ. ಫೆದರ್ ಕೊಟ್ಟು ಮಾಡಿದ್ರೆ ಅಂಚಲ್ಲಿ ಬೆಳಕಿನ ಪಟ್ಟಿ.

ಉತ್ತರ: ಆರ್‌ಜಿಬಿ ಚಾನೆಲ್ಲಿನಿಂದ ಬರೋ ಬೆಳಕಿನ ಲೆಕ್ಕದಲ್ಲಿ ಹಸಿರಿಗೆ ತೂಕ ಹೆಚ್ಚು, ನೀಲಿಗೆ ತೀರಾ ಕಡಿಮೆ. ನೀಲಿ ಆಕಾಶ, ಬಿಸಿಲ ಬಂಡೆ ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದು ನಿಲ್ಲೋದು ಅದಕ್ಕೇ. ಚಾನೆಲ್‌ಗಳನ್ನು ಒಂದೊಂದಾಗಿ ತೆರೆದು ನೋಡಿ. ಕೆಂಪು ಚಾನೆಲ್ಲಿನಲ್ಲಿ ಬಂಡೆ ಬೆಳ್ಳಗೆ, ಆಕಾಶ ಕಪ್ಪಗೆ. ನೀಲಿ ಚಾನೆಲ್ಲಿನಲ್ಲಿ ಪೂರ್ತಿ ಉಲ್ಟಾ. ನಮ್ಮ ಕಡೆಯ ಕಂದುಗೆಂಪು ಕಲ್ಲಿಗೂ ಮಣ್ಣಿಗೂ ನೀಲಿ ಚಾನೆಲ್ ಹೇಳಿ ಮಾಡಿಸಿದ್ದು.

ನೀಲಿ ಚಾನೆಲ್ಲಿನ ನಕಲು ಮಾಡಿಕೊಳ್ಳಿ. ಮೂಲ ಮುಟ್ಟಿದರೆ ಚಿತ್ರದ ಬಣ್ಣವೇ ಹೋಗುತ್ತೆ. ಇನ್ಫೋ ಪ್ಯಾನೆಲ್‌ನಲ್ಲಿ ಬಂಡೆ ಎಷ್ಟಿದೆ, ಆಕಾಶ ಎಷ್ಟಿದೆ ನೋಡಿ. ಬಂಡೆ 110, ಆಕಾಶ 190 ಇದ್ದರೆ, ಲೆವೆಲ್ಸ್‌ನಲ್ಲಿ ಕಪ್ಪನ್ನು 120ಕ್ಕೆ, ಬಿಳಿಯನ್ನು 180ಕ್ಕೆ ತನ್ನಿ. ಉಳಿದ ಬೂದು ಕಲೆಗಳನ್ನು ಬ್ರಷ್‌ನ ಮೋಡ್ 'ಓವರ್‌ಲೇ' ಮಾಡಿ, ಕಪ್ಪು ಬಣ್ಣ, ಒಪಾಸಿಟಿ ಶೇ 30ರಲ್ಲಿ ಸವರಿ. ಓವರ್‌ಲೇನಲ್ಲಿ ಅಚ್ಚ ಬಿಳಿ ಭಾಗಕ್ಕೆ ಕಪ್ಪು ಹತ್ತಲ್ಲ, ಅಂಚು ಕೆಡಲ್ಲ.

ಲೆವೆಲ್ಸ್ ತೀರಾ ಬಿಗಿ ಮಾಡಿದರೆ ಅಂಚಿನ ಅರೆಬೆಳಕಿನ ಪಿಕ್ಸೆಲ್ ಕತ್ತರಿಸಿ ಹೋಗಿ ಒಂದೆರಡು ಪಿಕ್ಸೆಲ್ ಅಗಲದ ಗೆರೆ ಉಳಿಯುತ್ತೆ. ಆಕಾಶ ಕಪ್ಪು ಮಾಡಿದ ಮೇಲೆ ಬೆಳ್ಳನೆ ಗೆರೆ ಉಳಿದರೆ ಮಾಸ್ಕ್ ಅಂಚು ಮುಟ್ಟಿಲ್ಲ ಅಂತ ಅರ್ಥ. ಮಾಸ್ಕ್ ಮೇಲೆ 'ಮ್ಯಾಕ್ಸಿಮಮ್' ಫಿಲ್ಟರ್ 1 ಪಿಕ್ಸೆಲ್ ಕೊಡಿ. ಬಂಡೆಯ ಮೇಲೇ ಕಪ್ಪು ಗೆರೆ ಬಂದರೆ 'ಮಿನಿಮಮ್' 1 ಪಿಕ್ಸೆಲ್. ಫೆದರ್ ಮಾತ್ರ ಬೇಡವೇ ಬೇಡ. ಚಿತ್ರದಿಂದಲೇ ಬಂದ ಮಾಸ್ಕ್‌ಗೆ ಅಂಚು ಚಿತ್ರದ್ದೇ ಇರುತ್ತೆ, ಅದನ್ನು ಮಸುಕು ಮಾಡಿದರೆ ಬೆಳಕು ಅಕ್ಕಪಕ್ಕಕ್ಕೆ ಸೋರುತ್ತೆ, ನಿಮ್ಮ ಪಟ್ಟಿ ಅದೇ.

ಏಪ್ರಿಲ್ ಮಧ್ಯಾಹ್ನದ ಬೂದಿಬಣ್ಣದ ಆಕಾಶಕ್ಕೆ ಈ ಉಪಾಯ ನಡೆಯಲ್ಲ, ಅಲ್ಲಿ ಮೂರೂ ಚಾನೆಲ್ ಒಂದೇ. ಆಗ ಸೆಲೆಕ್ಟ್ ಮೆನುವಿನ 'ಸ್ಕೈ' ಬಳಸಿ, ಅದರ ಜೊತೆ ಲೈಟ್ಸ್ ಮಾಸ್ಕನ್ನು ಇಂಟರ್‌ಸೆಕ್ಟ್ ಮಾಡಿ.

ಪ್ರಶ್ನೆ, ಚಿತ್ರದುರ್ಗದಿಂದ: ಲೈಟ್‌ರೂಮ್ ಮಾತ್ರ ಇರೋದು ಸರ್. ಜೋಗಿಮಟ್ಟಿ ಕಡೆ ಗುಡ್ಡದ ಮೇಲಿನ ಗಾಳಿಯಂತ್ರಗಳ ಚಿತ್ರ. ಆಕಾಶಕ್ಕೆ ಲೀನಿಯರ್ ಗ್ರೇಡಿಯಂಟ್ ಹಾಕಿದ್ರೆ ಬಿಳಿ ರೆಕ್ಕೆಗಳ ಮೇಲ್ಭಾಗ ಬೂದು, ಕೆಳಭಾಗ ಬಿಳಿ.

ಉತ್ತರ: ಸೂರ್ಯ ನಿಮ್ಮ ಬೆನ್ನಿಗಿದ್ದು ರೆಕ್ಕೆ ಆಕಾಶಕ್ಕಿಂತ ಬೆಳ್ಳಗಿದ್ದರೆ, ಅದೇ ಮಾಸ್ಕ್‌ನಲ್ಲಿ 'ಸಬ್‌ಟ್ರಾಕ್ಟ್' ಒತ್ತಿ 'ಲ್ಯೂಮಿನೆನ್ಸ್ ರೇಂಜ್' ಆರಿಸಿ, ರೆಕ್ಕೆ ಮೇಲೆ ಕ್ಲಿಕ್ ಮಾಡಿ. 'ಶೋ ಲ್ಯೂಮಿನೆನ್ಸ್ ಮ್ಯಾಪ್' ಹಾಕಿಕೊಂಡು ಪಟ್ಟಿಯನ್ನು 85ರಿಂದ 100ರ ಸುತ್ತ ನಿಲ್ಲಿಸಿ. ಪಟ್ಟಿಯ ತುದಿಯನ್ನು ಕಡಿದಾಗಿ ಬಿಡದೆ 8–10 ಹಂತ ಇಳಿಜಾರು ಕೊಡಿ, ಇಲ್ಲದಿದ್ದರೆ ರೆಕ್ಕೆಯ ಅಂಚು ಹಲ್ಲುಹಲ್ಲಾಗಿ ಕಾಣುತ್ತೆ. ಬಿಳಿ ಮೋಡ ಇದ್ದರೆ ಅದೂ ಗ್ರೇಡಿಯಂಟ್‌ನಿಂದ ಹೊರಗುಳಿಯುತ್ತೆ. ಅದು ಇಷ್ಟವಾಗದಿದ್ದರೆ ಸಬ್‌ಟ್ರಾಕ್ಟ್ ಬದಲು ಆಲ್ಟ್ ಒತ್ತಿ 'ಇಂಟರ್‌ಸೆಕ್ಟ್' ಮಾಡಿ, 'ಕಲರ್ ರೇಂಜ್'ನಲ್ಲಿ ಆಕಾಶದ ನೀಲಿಯನ್ನೂ ಮೋಡವನ್ನೂ ಶಿಫ್ಟ್ ಹಿಡಿದು ಬೇರೆ ಬೇರೆ ಬಿಂದುವಾಗಿ ಗುರುತಿಸಿ ನೋಡಿ. ಮೋಡ, ರೆಕ್ಕೆ ಎರಡೂ ಒಂದೇ ಬಿಳುಪು ಇದ್ದರೆ ಕೊನೆಗೆ ಬ್ರಷ್‌ನಿಂದಲೇ ರೆಕ್ಕೆ ಅಳಿಸಬೇಕು. ಮಬ್ಬು ತೆಗೆಯೋ ಡೀಹೇಜ್ ಸ್ಲೈಡರ್ +15 ದಾಟಿಸಬೇಡಿ, ದೂರದ ಗುಡ್ಡ ನೀಲಿಗೆ ತಿರುಗುತ್ತೆ.

ಪ್ರಶ್ನೆ, ಹಿರಿಯೂರಿನಿಂದ: ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿತ್ತಲ್ಲ, ಆಗ ಫೋನಿನಲ್ಲಿ ತೆಗೆದ ಚಿತ್ರ ಇದೆ. ಕೋಡಿ ನೀರು ಬರೀ ಬಿಳಿ ಹಾಳೆ ಹಾಗಿದೆ. ಲೈಟ್ಸ್ ಮಾಸ್ಕ್ ಹಾಕಿ ಇಳಿಸಿದ್ರೆ ನೀರಿನ ಎಳೆ ಬರುತ್ತಾ?

ಉತ್ತರ: ಬರಲ್ಲ ರೀ. ಮೂರೂ ಚಾನೆಲ್ 255 ಮುಟ್ಟಿದ ಕಡೆ ಮಾಹಿತಿಯೇ ಇಲ್ಲ, ಇಳಿಸಿದರೆ ಬಿಳಿ ಹಾಳೆ ಬೂದು ಹಾಳೆ ಆಗುತ್ತೆ ಅಷ್ಟೇ. ಚಾನೆಲ್‌ಗಳನ್ನು ಒಂದೊಂದಾಗಿ ನೋಡಿ. ಯಾವುದಾದರೂ ಒಂದರಲ್ಲಿ ಎಳೆ ಉಳಿದಿದ್ದರೆ ಅದನ್ನು ನಕಲು ಮಾಡಿ ಮೇಲಿನ ಲೇಯರಾಗಿ ಅಂಟಿಸಿ, ಲ್ಯೂಮಿನಾಸಿಟಿ ಮೋಡ್, ಲೈಟ್ಸ್ 3 ಮಾಸ್ಕ್, ಒಪಾಸಿಟಿ ಶೇ 40ರಿಂದ ಶುರು ಮಾಡಿ. ಯಾವುದರಲ್ಲೂ ಇಲ್ಲದಿದ್ದರೆ ನೀರು ಮುಟ್ಟಬೇಡಿ. ಸುತ್ತಲಿನ ಕಲ್ಲುಕಟ್ಟೆ, ಗುಡ್ಡಕ್ಕೆ ಮಿಡ್‌ಟೋನ್ ಕಾಂಟ್ರಾಸ್ಟ್ ಕೊಟ್ಟರೆ ಕಣ್ಣು ಅಲ್ಲಿ ನಿಲ್ಲುತ್ತೆ.

ಇನ್ನು ಮುಂದೆ ಕೋಡಿ ತೆಗೆಯುವಾಗ ರಾ ಇಟ್ಟು 1 ಸ್ಟಾಪ್ (ಅಂದರೆ ಬೆಳಕು ಅರ್ಧ) ಕಡಿಮೆ ಮಾಡಿ ತೆಗೆಯಿರಿ. ಎರಡು ಎಕ್ಸ್‌ಪೋಷರ್ ಬೆರೆಸೋದು ನಿಂತ ಬಂಡೆಗೆ, ಆಕಾಶಕ್ಕೆ ಸರಿ. ಹರಿಯುವ ನೀರು ಎರಡು ಚಿತ್ರದಲ್ಲಿ ಎರಡು ಥರ ಇರೋದರಿಂದ ಬೆರೆಸಿದ ಕಡೆ ಎಳೆಗಳು ಒಂದರ ಮೇಲೊಂದು ಬೀಳುತ್ತವೆ.

ಇನ್ನೊಬ್ಬ ಸದಸ್ಯರು, ದಾವಣಗೆರೆಯಿಂದ: ದುಡ್ಡು ಕೊಡದೆ ಮಾಡೋರಿಗೆ ಒಂದು ಮಾತು. ಗಿಂಪ್‌ನಲ್ಲಿ ಲೇಯರ್ ನಕಲು ಮಾಡಿ, 'ಆಡ್ ಲೇಯರ್ ಮಾಸ್ಕ್'ನಲ್ಲಿ 'ಗ್ರೇಸ್ಕೇಲ್ ಕಾಪಿ ಆಫ್ ಲೇಯರ್' ಆರಿಸಿದರೆ ಅದೇ ಲೈಟ್ಸ್ 1. ಇನ್ವರ್ಟ್ ಟಿಕ್ ಮಾಡಿದರೆ ಡಾರ್ಕ್ಸ್. ಡಾರ್ಕ್‌ಟೇಬಲ್‌ನಲ್ಲಿ ಹೆಚ್ಚಿನ ಮಾಡ್ಯೂಲ್‌ಗಳ ಕೆಳಗೆ 'ಪ್ಯಾರಾಮೆಟ್ರಿಕ್ ಮಾಸ್ಕ್' ಇರುತ್ತೆ, ಅಲ್ಲಿ ನಾಲ್ಕು ತ್ರಿಕೋನ ಸರಿಸಿ ಟೋನ್ ಪಟ್ಟಿ ಆರಿಸಬಹುದು. ಅಲ್ಲಿನ ಮಾಸ್ಕ್ ಫೋಟೋಶಾಪಿನದರ ಹಾಗೆ ಹಳೆಯದಾಗಲ್ಲ, ಮಾಡ್ಯೂಲಿಗೆ ಬರೋ ಬೆಳಕು ಬದಲಾದರೆ ಅದೂ ಬದಲಾಗುತ್ತೆ.

ಉತ್ತರ: ಒಳ್ಳೇ ಮಾತು. ಡಾರ್ಕ್‌ಟೇಬಲ್‌ನ 'ಟೋನ್ ಈಕ್ವಲೈಜರ್' ಕೂಡ ಈ ಕೆಲಸಕ್ಕೇ ಇದೆ, ಅಂಚು ಕಾಪಾಡಿಕೊಂಡು ಒಂದೊಂದು ಸ್ಟಾಪ್ ಬೇರೆಬೇರೆಯಾಗಿ ಎತ್ತಿ ಇಳಿಸುತ್ತೆ.

ಪ್ರಶ್ನೆ, ಚನ್ನಗಿರಿಯಿಂದ: ಸೂಳೆಕೆರೆಯ ಸಂಜೆ ಚಿತ್ರ 12×18 ಪ್ರಿಂಟ್ ಹಾಕಿಸಿದೆ. ಮಾನಿಟರ್‌ನಲ್ಲಿ ಚೆನ್ನಾಗಿತ್ತು, ಪ್ರಿಂಟ್‌ನಲ್ಲಿ ಗುಡ್ಡ ಪೂರ್ತಿ ಕಪ್ಪು. ಲ್ಯಾಬ್‌ನವರು ಫೈಲೇ ಹಾಗಿದೆ ಅಂತಾರೆ.

ಉತ್ತರ: ಬಹುತೇಕ ನಿಮ್ಮ ಮಾನಿಟರ್ ಬೆಳಕು ಜಾಸ್ತಿ ಇದೆ. ಎಡಿಟಿಂಗ್‌ಗೆ ಪ್ರತಿ ಚದರ ಮೀಟರ್‌ಗೆ 80ರಿಂದ 120 ಕ್ಯಾಂಡೆಲಾ ಸಾಕು, ಅಂಗಡಿಯಿಂದ ತಂದ ಹಾಗೇ ಇಟ್ಟ ಮಾನಿಟರ್ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಹೆಚ್ಚು ಬೆಳಗುತ್ತೆ. ಅಳೆಯೋ ಯಂತ್ರ ಇಲ್ಲದಿದ್ದರೆ ಪ್ರಿಂಟನ್ನು ಒಳ್ಳೇ ಬೆಳಕಿನಲ್ಲಿ ಮಾನಿಟರ್ ಪಕ್ಕ ಹಿಡಿದು, ಎರಡೂ ಹತ್ತಿರ ಬರುವವರೆಗೆ ಬ್ರೈಟ್‌ನೆಸ್ ಇಳಿಸಿ. ಆಮೇಲೆ ಗುಡ್ಡ ನೋಡಿ, ಇನ್ಫೋದಲ್ಲಿ ಅದು 15ರ ಕೆಳಗಿದ್ದರೆ ಮ್ಯಾಟ್ ಕಾಗದದಲ್ಲಿ ಏನೂ ಉಳಿಯಲ್ಲ.

ಪ್ರಿಂಟಿಗೆ ಪ್ರತ್ಯೇಕ ಕಾಪಿ ಇಟ್ಟುಕೊಳ್ಳಿ. ಡಾರ್ಕ್ಸ್ 2 ಮಾಸ್ಕ್‌ನಲ್ಲಿ ಗುಡ್ಡದ ಟೋನ್ 25–35ರ ನಡುವೆ ಬರುವ ಹಾಗೆ ಎತ್ತಿ, ಮಿಡ್‌ಟೋನ್‌ಗೆ ಸ್ವಲ್ಪ ಕಾಂಟ್ರಾಸ್ಟ್ ಸೇರಿಸಿ, ಕಾಗದದಲ್ಲಿ ಅದು ಹೇಗೂ ಒಂದಿಷ್ಟು ಇಳಿಯುತ್ತೆ. ಎತ್ತಿದ ಕಡೆ ನಾಯ್ಸ್ ಎದ್ದರೆ ಅದೇ ಮಾಸ್ಕನ್ನು ನಾಯ್ಸ್ ರಿಡಕ್ಷನ್ ಲೇಯರಿಗೂ ಹಾಕಿ, ಕೆರೆಯ ನೀರಿನ ಹೊಳಪು ಮಸುಕಾಗಲ್ಲ. ಲೇಯರ್‌ಗಳನ್ನು ಕೂಡಿಸಿ, 3600×5400 ಪಿಕ್ಸೆಲ್, 300 ಪಿಪಿಐ. ಲ್ಯಾಬ್ ಬೇರೆ ಪ್ರೊಫೈಲ್ ಕೇಳದಿದ್ದರೆ ಎಸ್‌ಆರ್‌ಜಿಬಿಗೆ 'ಕನ್ವರ್ಟ್' ಮಾಡಿ ಕೊಡಿ, 'ಅಸೈನ್' ಮಾಡಬೇಡಿ, ಬಣ್ಣ ಕೆಡುತ್ತೆ. ಲ್ಯಾಬ್‌ನವರಿಗೆ ಆಟೋ ಕರೆಕ್ಷನ್ ಆಫ್ ಇಡಿ ಅಂತ ಬರೆದೇ ಕೊಡಿ. ಪೂರ್ತಿ ಅಳತೆಗೆ ಹೋಗುವ ಮೊದಲು ಗುಡ್ಡ, ನೀರು ಎರಡೂ ಇರುವ ಒಂದು ತುಂಡನ್ನು ಅದೇ ಕಾಗದದಲ್ಲಿ 4×6 ತೆಗೆಸಿ ನೋಡಿ.